ಮುಂಡರಗಿ: ವಿಶೇಷವಿಲ್ಲ

ನಮ್ಮ ಪತ್ರಿಕೆಯಲ್ಲಿ ತಾಲ್ಲೂಕು ವರದಿಗಾರರನ್ನು ಹೆಸರು ಹಿಡಿದು ಕರೆಯುವ ರೂಢಿ ಇರಲಿಲ್ಲ. ‘ಶಿರಹಟ್ಟಿ ಲೈನ್‌ನ್ಯಾಗ ಐತಿ’, ‘ಲಕ್ಷ್ಮೇಶ್ವರ ಫೋಟೋ ಕಳಿಸೈತೋ ಇಲ್ಲೋ’ ಎಂದೇ ಡೆಸ್ಕಿನಲ್ಲಿ ಮಾತು. ನಾನು ಇಲ್ಲಿ ಯಾರ ಬಗ್ಗೆ ಬರೆಯುತ್ತಿದ್ದೇನೋ ಅವರು ಹದಿನಾಲ್ಕು ವರ್ಷ ನನಗೆ ಮುಂಡರಗಿಯೇ ಆಗಿದ್ದರು.

ಇನ್ನೊಂದು ರೂಢಿಯೂ ಇತ್ತು. ಬೆಳಿಗ್ಗೆ ಎಂಟರೊಳಗೆ ಪ್ರತಿ ತಾಲ್ಲೂಕಿನಿಂದ ಒಂದು ಸಾಲು ಬರಬೇಕು. ಸುದ್ದಿ ಇಲ್ಲದಿದ್ದರೆ ‘ವಿಶೇಷವಿಲ್ಲ’ ಎಂದಾದರೂ ಬರಬೇಕು. ಸುದ್ದಿ ಇಲ್ಲದ ಊರು ಬೇರೆ, ಸದ್ದೇ ಇಲ್ಲದ ಊರು ಬೇರೆ ಎಂಬುದು ಹಿಂದಿನ ಸಂಪಾದಕರ ಮಾತು. ಮೊದಲು ಅದನ್ನು ದಪ್ಪ ರಟ್ಟಿನ ದಾಖಲೆ ಪುಸ್ತಕದಲ್ಲಿ ಬರೆದಿಡುತ್ತಿದ್ದೆವು. ಪತ್ರಿಕೆಗೆ ವೆಬ್‌ಸೈಟ್ ಬಂದ ಮೇಲೆ ವರದಿಗಾರರೇ ಅದರೊಳಗೆ ಹೋಗಿ ತಮ್ಮ ಸಾಲು ಹಾಕತೊಡಗಿದರು. ಸಾಲಿನ ಪಕ್ಕ ಹೊತ್ತು ತಾನಾಗಿ ಬೀಳುತ್ತಿತ್ತು. ‘ನಿಮ್ಮ ವರದಿ ದಾಖಲಾಗಿದೆ’ ಎಂಬ ಮೆಸೇಜ್ ಹಾಕಿದವರ ಮೊಬೈಲಿಗೆ ಹೋಗುತ್ತಿತ್ತು. ಹಾಕಿದವರಲ್ಲದೆ ಬೇರೆ ಯಾರೂ ಅದನ್ನು ತಿದ್ದುವಂತಿರಲಿಲ್ಲ.

ಬೆಟಗೇರಿಯ ಕಚೇರಿಯಲ್ಲಿ ಡೆಸ್ಕಿನ ಕೆಲಸದ ಜೊತೆಗೆ ವೆಬ್‌ಸೈಟಿನ ಉಸ್ತುವಾರಿಯೂ ನನ್ನ ಕೊರಳಿಗೆ ಬಿತ್ತು. ಒಂದು ಕಡೆ ರಿಪೇರಿ ಮಾಡಿದರೆ ಇನ್ನೊಂದು ಕಡೆ ಕೆಡುತ್ತಿತ್ತು. ಬೇಸತ್ತು, ತಾನಾಗಿ ನಡೆಯುವ ಪರೀಕ್ಷೆಗಳನ್ನು ಬರೆಯುವುದನ್ನು ಕಲಿತೆ. ಬೆಳಿಗ್ಗೆ ಏಳು ನಲವತ್ತಕ್ಕೆ ಕಚೇರಿಯ ಕಂಪ್ಯೂಟರ್ ತಾನೇ ಬ್ರೌಸರ್ ತೆರೆಯುತ್ತದೆ, ವರದಿಗಾರರ ಹಾಗೆ ಒಳಗೆ ಹೋಗುತ್ತದೆ, ಒಂದು ಸಾಲು ಬರೆಯುತ್ತದೆ, ಅದು ಉಳಿಯಿತೇ ಎಂದು ನೋಡುತ್ತದೆ, ಅಳಿಸಿ ಪುಟ ಮುಚ್ಚುತ್ತದೆ. ಎಲ್ಲ ಸರಿಯಿದ್ದರೆ ಹಸಿರು ಗುರುತು, ತಪ್ಪಿದರೆ ಕೆಂಪು.

ತೊಡಕಾದದ್ದು ಒಳಗೆ ಹೋಗುವುದು. ಪಾಸ್‌ವರ್ಡ್ ಕೊಟ್ಟ ಮೇಲೆ ಮೊಬೈಲಿಗೆ ಒಟಿಪಿ ಬರುತ್ತದೆ. ಪ್ರತಿ ಪರೀಕ್ಷೆಯೂ ಹೊಸ ಬ್ರೌಸರ್ ತೆರೆಯುವುದರಿಂದ ಅದಕ್ಕೆ ಹಿಂದಿನ ನೆನಪು ಇರುವುದಿಲ್ಲ, ಪ್ರತಿ ಸಲವೂ ಒಟಿಪಿ ಕೇಳುತ್ತದೆ. ಇದಕ್ಕೆ ಉಪಾಯವಿದೆ. ಒಬ್ಬರು ಒಮ್ಮೆ ಲಾಗಿನ್ ಆದರೆ ವೆಬ್‌ಸೈಟ್ ಅವರಿಗೆ ಒಂದು ಗುರುತು ಕೊಡುತ್ತದೆ. ಆ ಗುರುತನ್ನು ಫೈಲಿನಲ್ಲಿ ಉಳಿಸಿಟ್ಟುಕೊಂಡರೆ ಮುಂದಿನ ಪರೀಕ್ಷೆಗಳೆಲ್ಲ ಅದನ್ನು ತೋರಿಸಿ ಒಳಗೆ ಹೋಗಬಹುದು. ನಮ್ಮಲ್ಲಿ ಆ ಗುರುತಿನ ಆಯುಸ್ಸು ಮೂವತ್ತು ದಿನ. ಆದರೆ ಬಳಸಿದಾಗಲೆಲ್ಲ ಮತ್ತೆ ಮೂವತ್ತು ದಿನ ಸೇರುತ್ತಿತ್ತು. ದಿನಾ ಬಳಸಿದರೆ ಅದಕ್ಕೆ ಕೊನೆಯೇ ಇಲ್ಲ.

ಯಾರ ಗುರುತು ಉಳಿಸಬೇಕು ಎಂದು ವರದಿಗಾರರ ಸಭೆಯಲ್ಲಿ ಕೇಳಿದೆ. ಪರೀಕ್ಷೆಗೆಂದು ಬೇರೆ ಖಾತೆ ತೆರೆಯಬಹುದಿತ್ತು, ತೆರೆಯಲಿಲ್ಲ. ಮುಂಡರಗಿ ಕೈ ಎತ್ತಿದರು.

“ಅಕ್ಕಾರ, ನಂದು ಹಾಕ್ಕೋರಿ. ಒಂದ ಸಲ ಒಟಿಪಿ ಹೇಳ್ತೀನಿ, ಆಮ್ಯಾಲ ನಿಮ್ಮ ಮಷಿನ್ನ ದಿನಾ ಮುಂಡರಗಿ ಆಗ್ಲಿ.”

“ನಿಮ್ಮ ಹೆಸರಿಲೆ ದಿನಾ ಏನಂತ ಬರೀಲಿರಿ?”

“ವಿಶೇಷವಿಲ್ಲ ಅಂತ ಬರೀರಿ. ನಾ ಬರಿಯೂದೂ ಅದನ್ನ. ಮತ್ತ ಬರದದ್ದನ್ನ ಅಳಸಬ್ಯಾಡ್ರಿ. ಎಂಟರ ಒಳಗ ನನ್ನ ಹಾಜರಿ ಬೀಳ್ತೈತಿ. ಖರೆ ಸುದ್ದಿ ಇದ್ರ ಅದನ್ನ ತಿದ್ದಿ ಹಾಕ್ತೀನಿ.”

ಪಕ್ಕದಲ್ಲಿ ಕೂತಿದ್ದ ಶಿರಹಟ್ಟಿ ವರದಿಗಾರ ಬಿಡಲಿಲ್ಲ. “ಏ ಅಕ್ಕಾರ, ಈ ಮನಿಷ್ಯಾ ಮಲಗಾಕ ಕಂಪ್ಯೂಟರ್ ಕೇಳಾಕತ್ತಾನ್ರಿ!”

ಎಲ್ಲರೂ ನಕ್ಕರು, ನಾನೂ ನಕ್ಕೆ. ಒಬ್ಬರ ಇನಿಷಿಯಲ್ ತಪ್ಪಿದ್ದಕ್ಕೆ ಅಚ್ಚಿಗೆ ಹೋದ ಪುಟವನ್ನು ವಾಪಸ್ ತರಿಸಿದವಳು ನಾನು. ಅವತ್ತು ಪರೀಕ್ಷೆಯಿಂದ ಅಳಿಸುವ ಹೆಜ್ಜೆಯನ್ನು ನನ್ನ ಕೈಯಾರೆ ತೆಗೆದುಹಾಕಿದೆ.

ಹತ್ತು ತಿಂಗಳು ಹೀಗೆ ನಡೆಯಿತು. ಶ್ರಾವಣದ ಒಂದು ಮಂಗಳವಾರ ಹತ್ತೂವರೆಗೆ ಮುಂಡರಗಿಯಿಂದ ಫೋನ್ ಬಂತು. ಮಾತಾಡಿದವರು ಅವರ ನೆರೆಮನೆಯವರು. ಬಾಗಿಲ ಹೊರಗೆ ಹಾಲಿನ ಪಾಕೀಟು ಹಾಗೇ ಬಿದ್ದಿದ್ದನ್ನು ಕಂಡು ಒಳಗೆ ಹೋದರಂತೆ. ಅವರು ಹಾಸಿಗೆಯಲ್ಲೇ ತೀರಿಕೊಂಡಿದ್ದರು. ಹೆಂಡತಿ ತಮ್ಮ ಬಸುರಿ ತಂಗಿಯ ಕುಬಸಕ್ಕೆಂದು ಐದೂವರೆಯ ಬಸ್ಸಿಗೆ ಶಿಗ್ಲಿಗೆ ಹೊರಟು ಹೋಗಿದ್ದರು. ಬೆಳಗಿನ ಜಾವಕ್ಕೇ ಹೃದಯ ನಿಂತಿರಬೇಕು ಎಂದು ಡಾಕ್ಟರು ಹೇಳಿದರು.

ಮಧ್ಯಾಹ್ನ ನಾನು ಅಲ್ಲಿಗೆ ಮುಟ್ಟಿದಾಗ ಅವರ ಹೆಂಡತಿ ಗಂಡನ ಮೊಬೈಲನ್ನು ಹಿಡಿದುಕೊಂಡು ಕೂತಿದ್ದರು. ಬಂದವರಿಗೆಲ್ಲ ಅದನ್ನು ತೋರಿಸುತ್ತಿದ್ದರು.

“ಜಾವಕ್ಕ ಅಂತಾರ ಡಾಕ್ಟರು. ಅವರಿಗೇನ್ ಗೊತ್ತು? ಇಲ್ಲಿ ನೋಡ್ರಿ, ಏಳು ನಲವತ್ತಕ್ಕ ಸುದ್ದಿ ಹಾಕ್ಯಾರ. ನಾ ಹೋಗೂಮುಂದ ಮಲಗಿದ್ರು ಅಷ್ಟ. ಆಮ್ಯಾಲ ಎದ್ದಾರ, ಕೆಲಸ ಮಾಡ್ಯಾರ, ಮತ್ತ ಅಡ್ಡಾಗ್ಯಾರ. ನಾ ಹಂಗ ಬಿಟ್ಟು ಹೋದಾಕಿ ಅಲ್ಲ.”

ನಾನು ಬಾಗಿಲ ಚೌಕಟ್ಟಿನ ಹತ್ತಿರ ನಿಂತಿದ್ದೆ. ಆ ಸಾಲು ಯಾರದೆಂದು ನನಗೆ ಆ ಕ್ಷಣವೇ ಗೊತ್ತಾಯಿತು. ಸುಮ್ಮನಿದ್ದೆ. ಸಂಜೆ ಕಚೇರಿಗೆ ಬಂದು ಸರ್ವರಿನ ದಾಖಲೆ ತೆಗೆದು ನೋಡಿದೆ. ಏಳು ನಲವತ್ತಕ್ಕೆ ಒಳಗೆ ಹೋದದ್ದು ಬೆಟಗೇರಿಯ ನಮ್ಮದೇ ಕಂಪ್ಯೂಟರ್. ಆ ದಿನ ಅವರ ಮೊಬೈಲಿನಿಂದ ಯಾರೂ ಒಳಗೆ ಹೋಗಿರಲಿಲ್ಲ. ನಿಧನ ವಾರ್ತೆಯನ್ನು ನಾನೇ ಏಳು ಸಾಲಿನಲ್ಲಿ ಬರೆದೆ. ‘ಮಂಗಳವಾರ ನಿಧನರಾದರು’ ಎಂದಷ್ಟೇ ಬರೆದು, ಹೊತ್ತು ಹಾಕುವುದನ್ನು ಬಿಟ್ಟೆ.

ಮರುದಿನ ಪರೀಕ್ಷೆಯನ್ನು ನಿಲ್ಲಿಸಬೇಕಿತ್ತು. ನಿಲ್ಲಿಸಿದರೆ ಮುಂಡರಗಿಯ ಜಾಗ ಖಾಲಿ ಉಳಿಯುತ್ತದೆ. ಆಗ ಇಷ್ಟು ದಿನ ಅದನ್ನು ತುಂಬಿಸುತ್ತಿದ್ದದ್ದು ಮಷಿನ್ ಎಂದು ನಾನೇ ಒಪ್ಪಿಕೊಂಡಂತೆ ಆಗುತ್ತದೆ. ಮಂಗಳವಾರದ ಸಾಲೂ ಆ ಒಪ್ಪಿಗೆಯೊಳಗೆ ಬರುತ್ತದೆ. ನಾಳೆ ನೋಡೋಣ ಎಂದುಕೊಂಡೆ. ಬುಧವಾರ ಏಳು ನಲವತ್ತಕ್ಕೆ ಅವರು ಒಳಗೆ ಬಂದರು. ‘ಮುಂಡರಗಿ: ವಿಶೇಷವಿಲ್ಲ.’ ಗುರುವಾರವೂ ಬಂದರು. ನಾನು ಪರದೆಯ ಮುಂದೆ ಕೂತು ನೋಡುತ್ತಿದ್ದೆ. ಪುಟದ ಮೂಲೆಯಲ್ಲಿ ಅವರ ಹೆಸರು ಮೂಡುತ್ತದೆ, ಕರ್ಸರ್ ಓಡುತ್ತದೆ, ಅಕ್ಷರಗಳು ಒಂದೊಂದಾಗಿ ಬೀಳುತ್ತವೆ, ಪುಟ ಮುಚ್ಚುತ್ತದೆ. ಆ ಓಟವೆಲ್ಲ ನಾನೇ ಬರೆದದ್ದು. ಆದರೂ ಅಕ್ಷರ ಬೀಳುವಾಗ ಕುರ್ಚಿಯಿಂದ ಏಳಲು ಆಗುತ್ತಿರಲಿಲ್ಲ. ಹಸಿರು ಗುರುತು ಬಿದ್ದ ಮೇಲೆಯೇ ಚಹಾಕ್ಕೆ ಹೋಗುತ್ತಿದ್ದೆ.

ಐದನೆಯ ದಿನ ಶಿರಹಟ್ಟಿಯಿಂದ ಫೋನ್ ಬಂತು. ನಗುವ ಮನುಷ್ಯನ ದನಿಯಲ್ಲಿ ನಗು ಇರಲಿಲ್ಲ. “ಅಕ್ಕಾರ, ಮುಂಡರಗಿ ಇನ್ನೂ ಹಾಜರಿ ಹಾಕಾಕತ್ತೈತ್ರಿ. ಬಂದ್ ಮಾಡ್ರಿ ಅದನ್ನ. ಮುಂಜಾನೆ ನನ್ನ ಸಾಲು ಹಾಕಾಕ ಹ್ವಾದ್ರ ಮ್ಯಾಲ ಅವನ ಹೆಸರ ಇರ್ತೈತಿ. ನನಗ ಕೈ ಬರವಲ್ದು.”

ಮಾಡ್ತೀನಿ ಎಂದೆ. ಮಾಡಲಿಲ್ಲ.

ಒಂಬತ್ತನೆಯ ದಿನ ಅವರ ಹೆಂಡತಿಯೇ ಫೋನ್ ಮಾಡಿದರು. ಅಂತ್ಯಕ್ರಿಯೆಯ ಗದ್ದಲದಲ್ಲಿ ಮೊಬೈಲ್ ಚಾರ್ಜ್ ಇಲ್ಲದೆ ಬಂದ್ ಆಗಿ ಅಲಮಾರಿಯಲ್ಲಿ ಬಿದ್ದಿತ್ತು. ಅವತ್ತು ಚಾರ್ಜಿಗೆ ಹಾಕಿ ತೆರೆದರೆ ಮೆಸೇಜುಗಳು ಒಂದರ ಹಿಂದೆ ಒಂದು ಬಂದವು. ಎಲ್ಲ ಏಳು ನಲವತ್ತರವು.

“ಅವರು ಹ್ವಾದ ಮ್ಯಾಲೂ ದಿನಾ ಬಂದಾವಲ್ರಿ ಅಕ್ಕಾರ. ಯಾರ ಬರೀತಾರ ಇವನ್ನ?”

“ಕಂಪ್ಯೂಟರ್‌ರಿ.”

ಅವರು ಕೇಳಿದರು: “ಹಂಗಾರ ಅವತ್ತಿಂದು?”

“ನಾ ಅಲ್ಲಿಗೇ ಬರ್ತೀನ್ರಿ,” ಎಂದೆ. ಗುರುತಿನ ಫೈಲನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಂಡು, ಅದನ್ನು ಚೀಲಕ್ಕೆ ಹಾಕಿಕೊಂಡು ಗದಗಿನ ಬಸ್ ನಿಲ್ದಾಣಕ್ಕೆ ಬಂದೆ. ದಾರಿಯುದ್ದಕ್ಕೂ ಎರಡು ವಾಕ್ಯಗಳನ್ನು ತೂಗಿ ನೋಡಿದೆ. ಒಂದು, ಅವತ್ತಿನದು ಅವರದೇ. ಇನ್ನೊಂದು, ಅವತ್ತಿನದೂ ಮಷಿನ್ನಿನದೇ. ಮೊದಲನೆಯದನ್ನು ಹೇಳಿದರೆ ತಪ್ಪು ಎಂದು ತೋರಿಸಿಕೊಡುವವರು ನನ್ನನ್ನು ಬಿಟ್ಟು ಯಾರೂ ಇರಲಿಲ್ಲ. ಡಂಬಳ ದಾಟುವವರೆಗೂ ಮೊದಲನೆಯದನ್ನೇ ಹೇಳಬೇಕೆಂದಿದ್ದೆ.

ಅವರು ಚಹಾ ಮಾಡಿಕೊಟ್ಟು ಎದುರಿಗೆ ಚಾಪೆಯ ಮೇಲೆ ಕೂತರು. ಮೊಬೈಲ್ ನಡುವೆ ಇತ್ತು.

“ಸುಳ್ಳ ಹೇಳಬ್ಯಾಡ್ರಿ ಅಕ್ಕಾರ. ಅವರ ಹೇಳತಿದ್ರು, ನೀವು ಬರದದ್ದನ್ನ ತಿರುಗಿ ನೋಡೂದ ಬ್ಯಾಡ, ಅಷ್ಟು ಖರೆ ಇರ್ತೈತಿ ಅಂತ.”

“ಅವತ್ತಿಂದೂ ಮಷಿನ್ನಂದ. ಅಳಸೂದನ್ನ ತಗದಾಕಿ ನಾನ. ನೀವು ಅವತ್ತ ಎಲ್ಲಾರ ಮುಂದ ಮೆಸೇಜ್ ತೋರಸೂಮುಂದೂ ನನಗ ಗೊತ್ತಿತ್ತು.”

ಅವರು ಅಳಲಿಲ್ಲ. ಸೆರಗನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದರು.

“ಹೊರಡೂಮುಂದ ಕಾಲು ಹೊದಿಕಿ ಹೊರಗ ಬಂದಿತ್ರಿ. ಮುಟ್ಟಿದ್ರ ತಣ್ಣಗಿತ್ತು. ಮಳಿ ಥಂಡಿ ಅಂತ ಹೊಚ್ಚಿ, ಬಸ್ಸಿಗೆ ಹೊತ್ತಾತು ಅಂತ ಹ್ವಾದೆ. ದಾರ್ಯಾಗ ಎಲ್ಲಾ ಅದ ಕಾಲು ಕಣ್ಣ ಮುಂದ. ಮೆಸೇಜ್ ನೋಡಿದ ಮ್ಯಾಲ, ಅಲ್ಲ ಬಿಡು, ಎದ್ದಿದ್ರು ಅಂದ್ಕೊಂಡೆ.”

ಡಾಕ್ಟರು ಹೇಳಿದ್ದನ್ನೇ ಹೇಳಿದೆ: ಆ ಹೊತ್ತಿಗೆ ಯಾರಿದ್ದರೂ ಏನೂ ಮಾಡಲಾಗುತ್ತಿರಲಿಲ್ಲ. ಅವರು ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ.

“ಅವತ್ತಿಂದು ಪುಸ್ತಕದಾಗ ಹಂಗ ಇರ್ತೈತೇನ್ರಿ? ವಿಶೇಷವಿಲ್ಲ ಅಂತ?”

“ತಿದ್ದಾಕ ಬರ್ತೈತ್ರಿ. ಆದ್ರ ಅವರ ಹೆಸರಿಲೇನ ಒಳಗ ಹೋಗಬೇಕು.”

“ಹೋಗ್ರಿ ಮತ್ತ.”

ಲ್ಯಾಪ್‌ಟಾಪ್ ತೆರೆದು, ಉಳಿಸಿಟ್ಟ ಗುರುತಿನಿಂದ ಒಳಗೆ ಹೋದೆ. ಮೂಲೆಯಲ್ಲಿ ಹೆಸರು ಬಂತು. ಅವರು ಮುಂದೆ ಬಾಗಿ ಅದನ್ನು ನೋಡಿದರು. ಮಂಗಳವಾರದ ಸಾಲು ಅಳಿಸಿ, ‘ಮುಂಡರಗಿ: ನಮ್ಮ ವರದಿಗಾರರು ಇಂದು ಬೆಳಗಿನ ಜಾವ ಮನೆಯಲ್ಲಿ ತೀರಿಕೊಂಡರು’ ಎಂದು ಬರೆದು, ಓದಿ ಹೇಳಿದೆ. ಅವರು ತಲೆ ಆಡಿಸಿದರು. ಉಳಿಸಿದ ಕೂಡಲೇ ಚಾಪೆಯ ಮೇಲಿನ ಮೊಬೈಲ್ ಸದ್ದು ಮಾಡಿತು. ‘ನಿಮ್ಮ ವರದಿ ತಿದ್ದಲಾಗಿದೆ.’ ನಾವಿಬ್ಬರೂ ಅದನ್ನು ಮುಟ್ಟಲಿಲ್ಲ.

ಆಮೇಲಿನ ಎಂಟು ಸಾಲುಗಳನ್ನೂ ಅಳಿಸಿದೆ. ಉಳಿದದ್ದು ಲಾಗ್‌ಔಟ್. ಒಮ್ಮೆ ಒತ್ತಿದರೆ ಫೈಲಿನಲ್ಲಿರುವ ಗುರುತು ಕೆಲಸಕ್ಕೆ ಬರುವುದಿಲ್ಲ, ಈ ಹೆಸರಿನಿಂದ ಮಷಿನ್ ಮತ್ತೆ ಒಳಗೆ ಹೋಗಲಾರದು ಎಂದು ಅವರಿಗೆ ತಿಳಿಸಿ, ನೀವು ಒತ್ತುತ್ತೀರಾ ಎಂದು ಕೇಳಿದೆ.

“ನೀವ ಒತ್ರಿ,” ಎಂದರು. “ನಾ ಒಂದ ಸಲ ಹೊರಗ ಹೋದಾಕಿ.”

ಒತ್ತಿದೆ. ಪುಟ ಮೊದಲಿನಂತೆ ಪಾಸ್‌ವರ್ಡ್ ಕೇಳುತ್ತ ನಿಂತಿತು.

ಏಳು ನಲವತ್ತರ ಪರೀಕ್ಷೆಯನ್ನು ಮಾತ್ರ ನಾನು ತೆಗೆದಿರಲಿಲ್ಲ. ಮರೆತದ್ದೆಂದು ಬರೆದರೆ ಸುಳ್ಳಾಗುತ್ತದೆ. ಮರುದಿನ ಕಚೇರಿಯಲ್ಲಿ ಕೂತು ನೋಡಿದೆ. ಬ್ರೌಸರ್ ತೆರೆಯಿತು, ಹಳೆಯ ಗುರುತು ತೋರಿಸಿತು, ಬಾಗಿಲಲ್ಲೇ ನಿಂತಿತು. ಒಂದು ನಿಮಿಷ ಕಾದು ಕೆಂಪಾಯಿತು. ಹತ್ತು ತಿಂಗಳಲ್ಲಿ ಆ ಪರೀಕ್ಷೆ ಕೆಂಪಾದದ್ದು ಅದೇ ಮೊದಲು.

ಏಳು ಐವತ್ತಕ್ಕೆ ನನ್ನ ಫೋನ್ ಬಡಿಯಿತು. ಮುಂಡರಗಿಯ ನಂಬರ್, ಅವರದೇ.

“ಅಕ್ಕಾರ,” ಎಂದಿತು ಹೆಂಡತಿಯ ದನಿ. “ಇವತ್ತ ಬರಲಿಲ್ರಿ.”

“ಇಲ್ರಿ. ಇನ್ನ ಬರಂಗಿಲ್ಲ.”

“ಆತು,” ಎಂದರು. ಆದರೆ ಫೋನ್ ಇಡಲಿಲ್ಲ. ನಾನೂ ಇಡಲಿಲ್ಲ. ಎಂಟು ಹೊಡೆಯುವವರೆಗೆ ಹಾಗೇ ಹಿಡಿದುಕೊಂಡು ಕೂತಿದ್ದೆವು.