ಹಳೇಕೋಟೆಯ ಗೇಮಿಂಗ್ ಕಂಪ್ಯೂಟರ್, ರಾಹುಲನ ಬಲಗೈ

2023ರಲ್ಲಿ ಹಾಸನದ ನನ್ನ ಕಂಪ್ಯೂಟರ್ ಅಂಗಡಿಗೆ ಇಪ್ಪತ್ತೆರಡು ವರ್ಷ ತುಂಬಿತ್ತು. ಬಿಡಿಭಾಗ ತರಿಸಿ ಗಿರಾಕಿಗೆ ಬೇಕಾದಂತೆ ಜೋಡಿಸಿಕೊಡುವುದು ನನ್ನ ಕಸುಬು. ಹೆಂಗಸು ಸ್ಕ್ರೂಡ್ರೈವರ್ ಹಿಡಿದಿರುವುದನ್ನು ನೋಡಿ "ಯಜಮಾನ್ರು ಇಲ್ವಾ?" ಎನ್ನುವವರಿಗೆ "ನಾನೇ ಯಜಮಾನಿ, ಏನಾಗ್ಬೇಕು ಹೇಳಿ" ಎಂದು ಹೇಳಿ ಹೇಳಿ ನನ್ನ ಬಾಯಿ ಸ್ವಲ್ಪ ಜೋರಾಗಿದೆ. ಗೇಮಿಂಗ್ ಕಂಪ್ಯೂಟರ್ ಬೇಕೆಂದು ಬರುವವರಲ್ಲಿ ಹೆಚ್ಚಿನವರು ಗಾಜಿನ ಕ್ಯಾಬಿನೆಟ್ಟು, ಬಣ್ಣದ ದೀಪ ಎಂದು ಮಾತು ತೆಗೆಯುತ್ತಾರೆ. ಆ ಜೂನ್‌ನಲ್ಲಿ ಬಂದ ಸುಜಾತಾ ಮಾತ್ರ ತೀರಾ ಹಗುರವಾಗಿ ಒತ್ತಬಹುದಾದ ಕೀಬೋರ್ಡ್ ಯಾವುದಿದೆ ಎಂದು ಕೇಳಿದಳು.

ಸುಜಾತಾ ಚನ್ನರಾಯಪಟ್ಟಣದ ನರ್ಸಿಂಗ್ ಹೋಮೊಂದರಲ್ಲಿ ನರ್ಸು. ಕಂಪ್ಯೂಟರ್ ಬೇಕಾಗಿದ್ದುದು ಹೊಳೆನರಸೀಪುರ ತಾಲ್ಲೂಕಿನ ಹಳೇಕೋಟೆಯಲ್ಲಿ ಅಪ್ಪ ಅಮ್ಮನ ಜೊತೆಗಿದ್ದ ಅವಳ ತಮ್ಮ ರಾಹುಲನಿಗೆ. ಅವನಿಗೆ ಇಪ್ಪತ್ತೊಂದು ವರ್ಷ. ಹುಟ್ಟಿನಿಂದಲೇ ಬಂದ ಸ್ನಾಯುಕ್ಷಯದ ಕಾಯಿಲೆ. ಹನ್ನೊಂದನೇ ವರ್ಷಕ್ಕೆ ನಡಿಗೆ ನಿಂತಿತ್ತು, ಆಮೇಲೆ ತೋಳು ಎತ್ತುವುದೂ ಆಗದಾಯಿತು. ಉಳಿದದ್ದು ಬೆರಳುಗಳು. ಅರಕಲಗೂಡು, ಚನ್ನರಾಯಪಟ್ಟಣದ ನಾಲ್ಕು ಜನ ಗೆಳೆಯರ ಜೊತೆ ಮೊಬೈಲಿನಲ್ಲಿ ತಂಡ ಕಟ್ಟಿ ಆಡುತ್ತಿದ್ದ, ಆ ತಂಡಕ್ಕೆ ಅವನೇ ಕ್ಯಾಪ್ಟನ್. ಈಗ ಮೊಬೈಲ್ ಹಿಡಿದುಕೊಳ್ಳುವುದೂ ಕಷ್ಟವಾಗಿತ್ತು.

ಕೈ ನೋಡದೆ ಮೌಸ್ ಆರಿಸಲು ನನ್ನಿಂದಾಗದು ಎಂದೆ. ಭಾನುವಾರ ಒಂದು ಚೀಲದ ತುಂಬಾ ಕೀಬೋರ್ಡು, ಮೌಸು ತುಂಬಿಕೊಂಡು ಅವಳ ಜೊತೆ ಹಳೇಕೋಟೆ ಬಸ್ಸು ಹತ್ತಿದೆ. ರಾಹುಲ ಸುಲಭಕ್ಕೆ ಒಪ್ಪುವ ಹುಡುಗನಲ್ಲ. ಕಣ್ಣು ಮುಚ್ಚಿ ಒಂದೊಂದು ಕೀಲಿಯನ್ನೂ ಒತ್ತಿ ನೋಡಿ, ಕೊನೆಗೆ ಮೂವತ್ತೈದು ಗ್ರಾಂ ಒತ್ತಡಕ್ಕೇ ಇಳಿಯುವ ಕೀಲಿಗಳದ್ದನ್ನು ಒಪ್ಪಿದ. ಮೌಸಿನಲ್ಲೂ ತೀರಾ ಹಗುರದ್ದು. ಗ್ರಾಫಿಕ್ಸ್ ಕಾರ್ಡ್, ಅಂದರೆ ಆಟದ ಚಿತ್ರಗಳನ್ನು ಸರಾಗವಾಗಿ ಓಡಿಸುವ ಭಾಗ, ಸಾಧಾರಣದ್ದು ಸಾಕಲ್ಲವೇ ಎಂದು ನಾನು ಬಾಯಿ ಬಿಟ್ಟೆ ಅಷ್ಟೇ.

"ನನ್ ಕೈಯಾಗೆ ಶಕ್ತಿ ಕಮ್ಮಿ ಅಂತ ಮಷೀನ್ಗೂ ಕಮ್ಮಿ ಮಾಡ್ಬ್ಯಾಡಿ ಮೇಡಂ" ಎಂದು ನಕ್ಕ.

ನನಗೂ ನಗು ಬಂತು. ಎಂಟು ಜಿಬಿ ಕಾರ್ಡು, ಹದಿನಾರು ಜಿಬಿ ರ‍್ಯಾಮ್, ಅದಕ್ಕೆ ತಕ್ಕ ಒಳ್ಳೆಯ ಪವರ್ ಸಪ್ಲೈ ಎಂದು ಬರೆದುಕೊಂಡೆ. ಹೊರಡುವಾಗ ಅವನ ಅಪ್ಪ ಪುಟ್ಟಸ್ವಾಮಿಯವರಿಗೆ ಒಂದೇ ಮಾತು ಹೇಳಿದೆ: ಮನೆಗೆ ಅರ್ತಿಂಗ್ ಇಲ್ಲ, ಅದಾಗುವ ತನಕ ಕಂಪ್ಯೂಟರ್ ಕಳಿಸುವುದಿಲ್ಲ. ಕಂಪ್ಯೂಟರಿನ ಕಬ್ಬಿಣದ ಮೈಗೆ ಕರೆಂಟ್ ಸೋರಿದರೆ ಅದು ಮನುಷ್ಯನ ಮೂಲಕ ಹರಿಯದೆ ನೇರ ನೆಲಕ್ಕೆ ಇಳಿಯುವಂತೆ ಮಾಡುವ ತಂತಿ ಅದು. ಪುಟ್ಟಸ್ವಾಮಿ ಗಾರೆ ಮೇಸ್ತ್ರಿ, ಕೆಲಸದ ಮರ್ಯಾದೆ ಗೊತ್ತಿದ್ದವರು. ಹದಿನೈದು ದಿನಕ್ಕೆ ಫೋನ್ ಮಾಡಿ, ವೈರ್‌ಮನ್ ಕರೆಸಿ ಮಾಡಿಸಿದ್ದಾಯಿತು ಎಂದರು. ಕಂಪ್ಯೂಟರ್ ಕಳಿಸಿಕೊಟ್ಟೆ.

ಮೊದಲ ಮೂರು ತಿಂಗಳು ಸುಜಾತಾ ಕಳಿಸುತ್ತಿದ್ದ ಫೋಟೊ ನೋಡುವುದೇ ನನಗೊಂದು ಖುಷಿ. ರಾಹುಲನ ಮೊಣಕೈ ಮೇಜಿನಿಂದ ಜಾರುತ್ತಿತ್ತೆಂದು ಪುಟ್ಟಸ್ವಾಮಿ ಹೊಳೆನರಸೀಪುರದ ವೆಲ್ಡಿಂಗ್ ಶಾಪಿನಲ್ಲಿ ಸ್ಟೀಲ್ ತಗಡನ್ನು ದೋಣಿಯಂತೆ ಬಾಗಿಸಿ, ಅದನ್ನು ಕ್ಯಾಬಿನೆಟ್ಟಿನ ಸ್ಕ್ರೂಗಳಿಗೇ ಬಿಗಿದು, ತೋಳು ಇಡಲು ಒಂದು ಪಟ್ಟಿ ಮಾಡಿಕೊಟ್ಟಿದ್ದರು. ಎಷ್ಟು ಚೆಂದದ ಕೆಲಸ! ನಮ್ಮ ಕಸುಬಿಗೆ ಬರಬೇಕಿತ್ತು ಈ ಮನುಷ್ಯ ಅಂದುಕೊಂಡೆ.

ನವೆಂಬರಿನಲ್ಲಿ ಅದೇ ಪುಟ್ಟಸ್ವಾಮಿ ಫೋನ್ ಮಾಡಿದರು. ಕಂಪ್ಯೂಟರನ್ನು ವಾಪಸ್ ತೆಗೆದುಕೊಂಡು ಹೋಗಬೇಕಂತೆ. ರಾಹುಲನ ಬಲಗೈ ಒಂದು ತಿಂಗಳಿಂದ ಜುಮ್ ಎನ್ನುತ್ತಿದೆ, ಒಮ್ಮೊಮ್ಮೆ ಬೆರಳು ತಾನಾಗಿ ಸೆಳೆಯುತ್ತದೆ. ಹಾಸನದ ಡಾಕ್ಟರು ಪರೀಕ್ಷೆ ಮಾಡಿ, ಈ ಕಾಯಿಲೆಯಲ್ಲಿ ಶಕ್ತಿ ಹೋಗುತ್ತದೆಯೇ ಹೊರತು ಜುಮ್ ಅನ್ನುವುದಿಲ್ಲ, ಬೇರೇನೋ ಇರಬೇಕು, ದೊಡ್ಡ ಆಸ್ಪತ್ರೆಗೆ ತೋರಿಸಿ ಎಂದಿದ್ದರು. ಮನೆಯವರಿಗೆ ಅದು ಹೊಸ ಕಾಯಿಲೆಯೊಂದು ಬಂದು ಕೂತಂತೆ ಕೇಳಿಸಿತು. ಆಟವೇ ಕೈಯನ್ನು ಹಾಳುಮಾಡುತ್ತಿದೆ ಎಂದು ಅಪ್ಪ ತೀರ್ಮಾನಿಸಿಬಿಟ್ಟಿದ್ದರು.

ಸುಳ್ಳೇಕೆ, ನನಗೆ ಸಿಟ್ಟು ಬಂತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ, ಏನೇ ಆದರೂ ಕೊನೆಗೆ ಮಷೀನಿನ ತಲೆಗೆ ಕಟ್ಟುವುದು ಇಪ್ಪತ್ತೆರಡು ವರ್ಷದಿಂದ ನಾನು ಕಂಡ ಆಟ. ಆದರೂ ವೋಲ್ಟ್ ಅಳೆಯುವ ಮೀಟರು, ಟೂಲ್ಸು ಚೀಲಕ್ಕೆ ಹಾಕಿಕೊಂಡು ಮಾರನೇ ಬೆಳಿಗ್ಗೆಯೇ ಹೋದೆ.

ಮನೆಯೊಳಗೆ ಕಾಲಿಟ್ಟಾಗ ನನ್ನ ಸಿಟ್ಟು ಅರ್ಧ ಇಳಿಯಿತು. ಗೋಡೆಯ ಬುದ್ಧನ ಫೋಟೊದ ಕೆಳಗೆ ಕಂಪ್ಯೂಟರ್ ಮೇಲೆ ಬೆಡ್‌ಶೀಟ್ ಹೊದಿಸಿಟ್ಟಿದ್ದರು. ರಾಹುಲ ಅದರತ್ತ ನೋಡದೆ ಬಾಗಿಲ ಕಡೆ ಮುಖ ಮಾಡಿ ಕೂತಿದ್ದ. ತಂಡಕ್ಕೆ ಬೇರೆ ಕ್ಯಾಪ್ಟನ್ ನೋಡಿಕೊಳ್ಳಿ ಎಂದು ಅರಕಲಗೂಡಿನ ಗೆಳೆಯನಿಗೆ ಹೇಳಿಬಿಟ್ಟಿದ್ದಾನೆ ಎಂದು ಅವನ ತಾಯಿ ಜಯಮ್ಮ ಮೆಲ್ಲಗೆ ಹೇಳಿದರು.

"ತಗಂಡೋಗ್ಬುಡಿ ಮೇಡಂ. ಉಳಿದಿರದು ಆ ಕೈಯೊಂದೇ. ಇದು ಅದನ್ನೂ ತಿಂತಾ ಅದೆ" ಎಂದರು ಪುಟ್ಟಸ್ವಾಮಿ.

ಕರೆಂಟೇನಾದರೂ ಹೊಡೆಯುತ್ತಿದೆಯೇ ನೋಡಿದಿರಾ ಎಂದು ಕೇಳಿದೆ. ಕೆಲಸ ಮುಗಿಸಿ ಬಂದು ಸಂಜೆ ತಾವೇ ಎರಡೆರಡು ಸಲ ಅಂಗೈಯನ್ನು ಪಟ್ಟಿಯ ಮೇಲೆ ಒತ್ತಿ ಹಿಡಿದು ನೋಡಿದ್ದೇನೆ, ಟೆಸ್ಟರ್ ಕೂಡ ಇಟ್ಟಿದ್ದೇನೆ, ಏನೂ ಇಲ್ಲ ಎಂದರು. ಅವರು ಚಾಚಿ ತೋರಿಸಿದ ಅಂಗೈ ಮೂವತ್ತು ವರ್ಷ ಕರಣೆ, ಗುದ್ದಲಿ ಹಿಡಿದು ಕಾಯಿಕಟ್ಟಿತ್ತು. ಸಣ್ಣಪುಟ್ಟ ಕರೆಂಟು ಆ ಚರ್ಮಕ್ಕೆ ತಿಳಿಯುವ ಹಾಗೇ ಇರಲಿಲ್ಲ.

ನಾನು ರಾಹುಲನ ಮುಂದೆ ಹೋಗಿ ನೆಲದ ಮೇಲೆ ಕೂತೆ. ಯಾವಾಗ ಜುಮ್ ಅನ್ನುತ್ತದೆ, ನೀನೇ ಹೇಳು ಎಂದೆ. ಅವನು ಅಪ್ಪನ ಮುಖ ನೋಡಿದ.

"ನಗ್ಬ್ಯಾಡಿ ಮೇಡಂ. ಅವ್ವ ಮಿಕ್ಸಿ ಹಾಕ್ದಾಗ."

ಅಪ್ಪ ಬೇಸರದಿಂದ ತಲೆ ಕೊಡವಿದರು. ಇದನ್ನೇ ಒಂದು ತಿಂಗಳಿಂದ ಹೇಳುತ್ತಿದ್ದಾನಂತೆ. ಅಡುಗೆಮನೆಯ ಮಿಕ್ಸಿಗೂ ನಡುಮನೆಯಲ್ಲಿ ಕೂತವನ ಕೈಗೂ ಏನು ಸಂಬಂಧ ಎಂದು ಎಲ್ಲರೂ ಸುಮ್ಮನಾಗಿಸಿದ್ದರು. ಡಾಕ್ಟರ ಹತ್ತಿರ ಆ ಮಾತು ಎತ್ತಲು ಸುಜಾತಾಳಿಗೂ ನಾಚಿಕೆಯಾಗಿತ್ತು.

ನನಗೆ ಮಾತ್ರ ಅದು ನಗುವ ಮಾತಾಗಿ ಕೇಳಿಸಲಿಲ್ಲ. ಬೆಡ್‌ಶೀಟ್ ತೆಗೆದು ಕಂಪ್ಯೂಟರ್ ಹಚ್ಚಿದೆ. ಮೀಟರಿನ ಒಂದು ಮೊನೆಯನ್ನು ಸ್ಟೀಲ್ ಪಟ್ಟಿಗೆ, ಇನ್ನೊಂದನ್ನು ನೆಲದ ಮೇಲೆ ಹಾಸಿದ ಒದ್ದೆ ಬಟ್ಟೆಗೆ ಇಟ್ಟೆ. ನಾಲ್ಕು ವೋಲ್ಟ್. ಅದು ಲೆಕ್ಕಕ್ಕಿಲ್ಲ. ಜಯಮ್ಮನವರಿಗೆ ಮಿಕ್ಸಿ ಹಾಕಲು ಹೇಳಿದೆ. ಮನೆಯ ದೀಪ ಮಂಕಾಯಿತು, ಮೀಟರ್ ಐವತ್ತೆರಡಕ್ಕೆ ಏರಿತು. ಮಿಕ್ಸಿ ನಿಂತಿತು, ಮತ್ತೆ ನಾಲ್ಕು.

ಪ್ಲಗ್ಗಿನ ಬೋರ್ಡ್ ಬಿಚ್ಚಿದರೆ ಎಲ್ಲ ತಿಳಿಯಿತು. ಆ ವೈರ್‌ಮನ್ ಮಹಾರಾಯ ಗುಂಡಿ ತೋಡಿರಲಿಲ್ಲ, ತಂತಿ ಇಳಿಸಿರಲಿಲ್ಲ. ಕರೆಂಟು ವಾಪಸ್ ಹೋಗುವ ನ್ಯೂಟ್ರಲ್ ತಂತಿಯಿಂದ ಗೇಣುದ್ದ ವೈರ್ ಎಳೆದು ಅರ್ತ್ ಪಿನ್ನಿಗೆ ಸಿಕ್ಕಿಸಿ, ಅರ್ತಿಂಗ್ ಆಯಿತು ಎಂದು ಹೋಗಿದ್ದ. ಹಾಗೆ ಮಾಡಿದರೆ ಮೇಲ್ನೋಟಕ್ಕೆ ಎಲ್ಲವೂ ಸರಿಯಾಗಿ ಕಾಣುತ್ತದೆ. ಆದರೆ ಮನೆಯ ಕರೆಂಟ್ ಮೀಟರಿನ ಬಳಿ ನ್ಯೂಟ್ರಲ್ ಸ್ಕ್ರೂ ಈಚೆಗೆ ಸಡಿಲವಾಗಿತ್ತು. ಮಿಕ್ಸಿಯಂಥ ಭಾರದ ಸಾಮಾನು ಓಡಿದಾಗೆಲ್ಲ ವಾಪಸ್ ಹೋಗಲು ದಾರಿ ಸಾಲದ ಕರೆಂಟು ಕಂಪ್ಯೂಟರಿನ ಮೈಗೂ, ಅಲ್ಲಿಂದ ಪಟ್ಟಿಗೂ ಬರುತ್ತಿತ್ತು. ಜಯಮ್ಮ ಬೆಳಿಗ್ಗೆ ನೆಲ ಒರೆಸಿ ಚಟ್ನಿ ರುಬ್ಬುವ ಹೊತ್ತಿಗೆ ರಾಹುಲ ಒದ್ದೆ ನೆಲದ ಮೇಲೆ ಬರಿಗಾಲೂರಿ ಆಡುತ್ತಿದ್ದ. ಅಪ್ಪ ಕೈ ಇಟ್ಟು ನೋಡಿದ್ದು ಸಂಜೆ, ಮಿಕ್ಸಿ ಓಡದ ಹೊತ್ತಿನಲ್ಲಿ. ಆ ಸ್ಕ್ರೂ ಪೂರ್ತಿ ಕಳಚಿದ್ದರೆ ಇನ್ನೂರ ಮೂವತ್ತು ವೋಲ್ಟ್ ಬರುತ್ತಿತ್ತು. ಕೈ ಹಿಂದಕ್ಕೆ ಎಳೆದುಕೊಳ್ಳಲಾರದ ಹುಡುಗ ಅವನು.

ಪುಟ್ಟಸ್ವಾಮಿ ತಾವು ಮಾಡಿದ ಪಟ್ಟಿಯನ್ನೇ ನೋಡುತ್ತಾ ನಿಂತಿದ್ದರು. ಪಟ್ಟಿಯದ್ದೇನೂ ತಪ್ಪಿಲ್ಲ, ಮೋಸ ಗೋಡೆಯೊಳಗಿತ್ತು ಎಂದು ನಾನು ಹೇಳಿದ್ದು ಅವರ ಕಿವಿಗೆ ಹೋಯಿತೋ ಇಲ್ಲವೋ. ಅಂದೇ ಹಿತ್ತಲಲ್ಲಿ ಯಾರನ್ನೂ ಸೇರಿಸದೆ ಒಬ್ಬರೇ ಗುಂಡಿ ತೋಡಿದರು. ಲೈನ್‌ಮನ್ ಬಂದು ಕರೆಂಟ್ ಮೀಟರಿನ ಸ್ಕ್ರೂ ಬಿಗಿದ. ನಾನು ಹಾಸನದಿಂದ ನನಗೆ ಗೊತ್ತಿದ್ದ ಎಲೆಕ್ಟ್ರಿಷಿಯನ್ ಒಬ್ಬನನ್ನು ಕರೆಸಿ, ಆ ಗೇಣುದ್ದದ ವೈರ್ ತೆಗೆಸಿ, ಗುಂಡಿಗೆ ಸರಿಯಾದ ಅರ್ತಿಂಗ್ ಹಾಕಿಸಿ, ಕರೆಂಟ್ ಸೋರಿದ ತಕ್ಷಣ ತಾನೇ ಬೀಳುವ ಸ್ವಿಚ್ಚನ್ನೂ ಕೂರಿಸಿದೆ. ಮರುದಿನ ಮಧ್ಯಾಹ್ನ ಕೆಲಸ ಮುಗಿಯಿತು. ಮಿಕ್ಸಿ ಓಡುವಾಗ ಮೀಟರ್ ಸೊನ್ನೆ ತೋರಿಸಿತು.

ಮೀಟರ್ ತೋರಿಸಿದರೇನು? ರಾಹುಲ ಪಟ್ಟಿಯ ಮೇಲೆ ತೋಳಿಡಿಸಿಕೊಂಡು ಮತ್ತೆ ಮಿಕ್ಸಿ ಹಾಕವ್ವ ಎಂದರೆ ಜಯಮ್ಮನವರ ಕೈ ಸ್ವಿಚ್ಚಿನ ಹತ್ತಿರವೇ ಹೋಗಲೊಲ್ಲದು. ಇಷ್ಟು ದಿನ ಮಗನಿಗೆ ಕರೆಂಟ್ ಹೊಡೆಸಿದ್ದು ನಾನೇ ಎಂದು ಸೆರಗು ಬಾಯಿಗೊತ್ತಿ ಅಳತೊಡಗಿದರು. ಆಗ ಪುಟ್ಟಸ್ವಾಮಿ ಮಗನ ತೋಳನ್ನು ಮೆಲ್ಲಗೆ ಪಕ್ಕಕ್ಕಿಟ್ಟರು. ಅಂಗಿಯ ತೋಳು ಮಡಚಿ, ಕಾಲು ಒದ್ದೆ ಬಟ್ಟೆಯ ಮೇಲಿಟ್ಟು, ಅಂಗೈಯನ್ನಲ್ಲ, ಮೊಣಕೈಯೊಳಗಿನ ಮೆದು ಚರ್ಮವನ್ನು ಪಟ್ಟಿಗೆ ಒತ್ತಿ ಹಿಡಿದರು.

"ಹಾಕಮ್ಮಿ" ಎಂದರು ಹೆಂಡತಿಗೆ.

ಮಿಕ್ಸಿ ಓಡಿತು. ಅವರು ತೋಳು ತೆಗೆಯಲೇ ಇಲ್ಲ. ಕೊನೆಗೆ ರಾಹುಲನೇ, "ಸಾಕು ಬುಡಪ್ಪ, ನನ್ ಜಾಗ ಅದು" ಎಂದ.

ಹೊರಡುವ ಮುಂಚೆ ಅವನನ್ನು ಕೇಳಿದೆ, ಅಷ್ಟು ಸರಿಯಾಗಿ ಗೊತ್ತಿದ್ದೂ ಯಾಕಪ್ಪ ಸುಮ್ಮನಾದೆ ಅಂತ.

"ಎಲ್ರೂ ಕಾಯಿಲೆ ಅಂದ್ರು ಮೇಡಂ. ಆಮ್ಯಾಕೆ ನಂಗೂ ಅಂಗೇ ಅನ್ನಿಸ್ಬುಡ್ತು."

ಅವನ ಕಾಯಿಲೆಯನ್ನು ಯಾವ ಅರ್ತಿಂಗೂ ನಿಲ್ಲಿಸಲಿಲ್ಲ. ಈ ವರ್ಷ ಹೋದಾಗ ಮೂವತ್ತೈದು ಗ್ರಾಂ ಕೀಲಿಯೂ ಭಾರ ಎಂದ. ಇನ್ನೂ ಹಗುರದ್ದು ಹುಡುಕುತ್ತಿದ್ದೇನೆ. ತಂಡಕ್ಕೆ ಈಗಲೂ ಅವನೇ ಕ್ಯಾಪ್ಟನ್. ನಾನಂತೂ ಅಂದಿನಿಂದ ಗಿರಾಕಿ ಎಂಥ ವಿಚಿತ್ರ ದೂರು ತಂದರೂ, ಹಾಗೆಲ್ಲ ಆಗಲ್ಲ ಹೋಗಿ ಎನ್ನುವ ಮುಂಚೆ ಮೀಟರ್ ಕೈಗೆತ್ತಿಕೊಳ್ಳುತ್ತೇನೆ. ನೋವು ಯಾವಾಗ ಬರುತ್ತದೆ ಎಂಬುದು ನೋಯುವವನಿಗೇ ಮೊದಲು ಗೊತ್ತಿರುತ್ತದೆ. ಅವನೇ ತನ್ನ ಮಾತನ್ನು ನಂಬದಂತಾಗುವ ಮೊದಲು ನಾವು ಹೋಗಿ ಕೇಳಬೇಕು. ರಾಹುಲನ ಮನೆಗೆ ಒಂದು ತಿಂಗಳು ತಡವಾಗಿತ್ತು, ಇನ್ನೂ ಒಂದು ತಿಂಗಳು ಕಳೆದಿದ್ದರೆ ಏನಾಗುತ್ತಿತ್ತೋ ಎಂದು ಮಿಕ್ಸಿ ಸದ್ದು ಕೇಳಿದಾಗೆಲ್ಲ ನನಗೆ ನೆನಪಾಗುತ್ತದೆ.