ಆಗಲ್ಲ ಮೇಡಂ ಹೇಳಿದ ಮೊದಲ ‘ಆಗಲ್ಲ’

ಆ ಆಸ್ಪತ್ರೆ ಕಟ್ಟಡದ ಸೈಟಿನಲ್ಲಿ ಅವಳ ನಿಜವಾದ ಹೆಸರು ಕೊರಳಿನ ಗುರುತಿನ ಚೀಟಿ ಬಿಟ್ಟರೆ ಇನ್ನೆಲ್ಲೂ ಬಳಕೆಯಲ್ಲಿರಲಿಲ್ಲ. ಮೇಸ್ತ್ರಿಗಳಿಂದ ಹಿಡಿದು ಗೇಟಿನ ಕಾವಲುಗಾರನವರೆಗೆ ಎಲ್ಲರಿಗೂ ಅವಳು ‘ಆಗಲ್ಲ ಮೇಡಂ’. ಬೆನ್ನ ಹಿಂದೆ ಇಟ್ಟ ಹೆಸರು ಒಂದು ದಿನ ಅವಳ ಕಿವಿಗೇ ಬಿದ್ದಾಗ ಅಂದವನು ನಾಲಿಗೆ ಕಚ್ಚಿಕೊಂಡ. ಅವಳು ಮಾತ್ರ ಬಿದ್ದು ಬಿದ್ದು ನಕ್ಕಳು. ‘ಆಗಲ್ಲ’ ಎಂಬ ಮಾತನ್ನು ಕಟ್ಟಡ ಕಟ್ಟುವವರ ಬಾಯಲ್ಲಿ ಹೇಳಿಸುವುದಕ್ಕೆಂದೇ ಅವಳು ಸಂಶೋಧನೆ ಮಾಡಲು ಹೊರಟಿದ್ದು. ಹೆಸರು ಬಂತೆಂದರೆ ಕೆಲಸವೂ ಅರ್ಧ ಆಯಿತೆಂದೇ ಅವಳ ಲೆಕ್ಕ.

ಈ ಹುಚ್ಚು ಅವಳಿಗೆ ಹಿಡಿದದ್ದು ಅಪ್ಪನಿಂದ. ಅಪ್ಪ ದರ್ಜಿ. ಕೈಯಲ್ಲಿ ಒಳ್ಳೆಯ ಕಸುಬು, ಬಾಯಲ್ಲಿ ಮಾತ್ರ ಯಾವಾಗಲೂ ಒಂದೇ ಮಾತು: “ನಾಡಿದ್ದು ಬನ್ನಿ, ರೆಡಿ ಇರತ್ತೆ.” ಹಾಗೆ ಹೇಳುವಾಗ ಬಟ್ಟೆಗೆ ಇನ್ನೂ ಕತ್ತರಿ ತಾಕಿರುತ್ತಿರಲಿಲ್ಲ. ನಾಡಿದ್ದು ಗಿರಾಕಿ ಮೆಟ್ಟಿಲು ಹತ್ತುವ ಸದ್ದಾದರೆ ಅಪ್ಪ ಹಿಂದಿನ ಕೋಣೆಗೆ ನುಸುಳಿ, ಮಗಳನ್ನು ಮುಂದೆ ಬಿಡುತ್ತಿದ್ದ. ಕೆಲಸದ ಸಂದರ್ಶನಕ್ಕೆ ಹೊರಟವನೊಬ್ಬ ಹೊಸ ಪ್ಯಾಂಟಿಗೆ ಕಾದು ಕಾದು, ಕೊನೆಗೆ ಹಳೆಯದರಲ್ಲೇ ಹೋದ. ಅವನ ಮುಖ ಅವಳಿಗೆ ಮರೆಯಲೇ ಇಲ್ಲ. ಅಪ್ಪ ಮೊದಲೇ ಆಗಲ್ಲ ಅಂದಿದ್ದರೆ ಅವನ ಗಂಟೇನು ಹೋಗುತ್ತಿತ್ತು ಎಂದು ಆ ವಯಸ್ಸಿನಲ್ಲೇ ಅವಳಿಗೆ ಸಿಟ್ಟು ಬಂದಿತ್ತು.

ಎಂಜಿನಿಯರಾಗಿ ಕೆಲಸಕ್ಕೆ ಸೇರಿದರೆ ಸೈಟಿನ ತುಂಬ ಅಪ್ಪಂದಿರೇ! ಕಾಂಕ್ರೀಟಿಗೆ ಹಲಗೆಯ ಅಚ್ಚು ಕಟ್ಟುವ ಸೆಂಟ್ರಿಂಗ್ ಮೇಸ್ತ್ರಿ “ಆಗತ್ತೆ ಸಾರ್” ಅನ್ನುತ್ತಿದ್ದ, ಹಲಗೆಯೇ ಬಂದಿರುತ್ತಿರಲಿಲ್ಲ. ಅವನ ಮಾತು ನಂಬಿ ಕಂಬಿ ಕಟ್ಟುವವರು ಬಂದು ಕೈಕಟ್ಟಿ ಕೂರುತ್ತಿದ್ದರು. ಅವರನ್ನು ನಂಬಿ ಕಾಂಕ್ರೀಟಿನ ಲಾರಿ ಬಂದು ಹಾಗೇ ವಾಪಸು ಹೋಗುತ್ತಿತ್ತು. ಆಮೇಲೆ ಒಬ್ಬರ ಮೇಲೊಬ್ಬರು ಹಾರಾಡುವುದು. ವರ್ಷಗಟ್ಟಲೆ ಇದನ್ನೇ ನೋಡಿ ರೋಸಿಹೋಗಿ, ಅವಳು ಮತ್ತೆ ಕಾಲೇಜಿನ ಮೆಟ್ಟಿಲು ಹತ್ತಿದಳು. ಕಟ್ಟಡಗಳು ತಡವಾಗುವುದೇಕೆ ಎಂಬುದು ಅವಳ ವಿಷಯ. ಸಿಮೆಂಟಿಗಿಂತ, ಮಳೆಗಿಂತ ಹೆಚ್ಚಾಗಿ ಆ ಸುಳ್ಳು ‘ಆಗತ್ತೆ’ಯೇ ಕಾರಣ ಎಂಬುದು ಅವಳ ವಾದ.

ವಾದ ಸಾಬೀತು ಮಾಡಲು ಸಿಕ್ಕಿದ್ದು ಈ ಆಸ್ಪತ್ರೆ ಸೈಟು. ಇಲ್ಲಿಯ ಚೀಫ್ ಎಂಜಿನಿಯರ್ ಮುಂಗೋಪಿ, ಆದರೆ ಹೊಸದೆಂದರೆ ಆಸೆಪಡುವ ಮನುಷ್ಯ. “ನೋಡಮ್ಮ, ಮೂರನೇ ಮಹಡಿ ಮುಗಿಯೋವರೆಗೂ ನಿನ್ನ ಪ್ರಯೋಗ ಮಾಡ್ಕೋ. ಫಲ ಕಂಡ್ರೆ ಕಟ್ಟಡ ಮುಗಿಯೋವರೆಗೂ ಇರು. ಇಲ್ದಿದ್ರೆ ಗಂಟುಮೂಟೆ ಕಟ್ಟು” ಎಂದಿದ್ದ. ಇಲ್ಲಿಂದ ಹೊರಬಿದ್ದರೆ ಅವಳ ಇಷ್ಟು ವರ್ಷದ ಅಧ್ಯಯನ ನೀರಲ್ಲಿ ಹೋಮ ಮಾಡಿದ ಹಾಗೆ.

ಪದ್ಧತಿ ಸರಳವಾಗಿತ್ತು. ಸೋಮವಾರ ಬೆಳಿಗ್ಗೆ ತಗಡಿನ ಶೆಡ್ಡಿನಲ್ಲಿ ಎಲ್ಲ ಕೆಲಸದ ಮುಖಂಡರೂ ಸೇರಬೇಕು. ಈ ವಾರ ಏನು ಮುಗಿಸುತ್ತೇವೆಂದು ಪ್ರತಿಯೊಬ್ಬರೂ ಚೀಟಿ ಬರೆದು ಗೋಡೆಗೆ ಅಂಟಿಸಬೇಕು. ಆಗದಿದ್ದರೆ ಆಗಲ್ಲ ಅನ್ನಬೇಕು. ಅಂದವರನ್ನು ಯಾರೂ ಬೈಯುವ ಹಾಗಿಲ್ಲ, ಕಾರಣ ಮಾತ್ರ ಕೇಳಬೇಕು. ಬೈಯುವಂತಿಲ್ಲ ಎಂದಾಗ ಎಲ್ಲರೂ ಓರೆಗಣ್ಣಿನಲ್ಲಿ ಚೀಫ್ ಕಡೆ ನೋಡಿದರು. ಚೀಫ್ ಚಾವಣಿ ನೋಡಿದ.

ಮೊದಲಿಗೆ ಯಾರ ಬಾಯಲ್ಲೂ ಆ ಮಾತು ಹೊರಡಲಿಲ್ಲ. ಗೋಡೆಯ ತುಂಬ ಚೀಟಿ, ಅರ್ಧಕ್ಕರ್ಧ ಸುಳ್ಳು. ಆಗ ಚೀಫ್‌ಗೆ ಉತ್ಸಾಹ ಉಕ್ಕಿ ಒಂದು ದೊಡ್ಡ ಬೋರ್ಡ್ ತಂದು ಬಾಗಿಲ ಪಕ್ಕ ನೇತುಹಾಕಿಸಿದ. ಮಾತು ಉಳಿಸಿಕೊಂಡವರಿಗೆ ಹಸಿರು ಬಿಲ್ಲೆ, ತಪ್ಪಿದವರಿಗೆ ಕೆಂಪು. ಅವಳೂ ಹೂಂ ಅಂದಳು. ನಾಲ್ಕಾರು ವಾರಗಳಲ್ಲಿ ಬೋರ್ಡ್ ಹಸಿರೋ ಹಸಿರು! ಅವಳು ಹಿಗ್ಗಿ ಹೀರೇಕಾಯಿಯಾದಳು. ಸಂಶೋಧನಾ ಪ್ರಬಂಧ ಬರೆಯಲು ಕೂತರೆ ಕೈ ತಾನಾಗಿ ಓಡಿತು. ಬೇರೆ ಸೈಟುಗಳ ಮುಖ್ಯಸ್ಥರನ್ನೂ ಕರೆಸಿ ಮುಂದಿನ ಸೋಮವಾರ ಎಲ್ಲವನ್ನೂ ತೋರಿಸೋಣ ಎಂದು ಚೀಫ್ ಮೀಸೆ ತಿರುವಿದ.

ಅದರ ಹಿಂದಿನ ಶನಿವಾರ ಮಧ್ಯಾಹ್ನ ಫೋಟೋ ತೆಗೆಯಲೆಂದು ಅವಳು ಮೂರನೇ ಮಹಡಿ ಹತ್ತಿದಳು. ಪೂರ್ವದ ಕೋಣೆಗಳಲ್ಲಿ ನೀರಿನ ಪೈಪು ಆಗಲೇ ಹಾಕಿ ಮುಗಿದಿತ್ತು. ಆದರೆ ಈ ವಾರದ ಚೀಟಿಯಲ್ಲಿ ಆ ಮಾತೇ ಇರಲಿಲ್ಲ. ಪ್ಲಂಬರ್ ಮೂಲೆಯಲ್ಲಿ ಕೂತು ಬೀಡಿ ಸೇದುತ್ತಿದ್ದ.

“ಇದು ಯಾವಾಗ ಮುಗೀತಣ್ಣ?”

“ಬುಧವಾರಾನೇ ಮುಗಿಸ್ಬಿಟ್ಟೆ ಮೇಡಂ. ಸೋಮವಾರ ಚೀಟಿ ಬರಿಯೋಕೆ ಇಟ್ಕೊಂಡಿದೀನಿ.” ಅವನ ಮುಖದಲ್ಲಿ ಹೆಮ್ಮೆ. “ಮೊದ್ಲು ಮಾಡಿ ಮುಗಿಸೋದು, ಆಮೇಲೆ ಮಾಡ್ತೀನಿ ಅನ್ನೋದು. ಮಾತು ತಪ್ಪೋ ಪ್ರಶ್ನೆನೇ ಇಲ್ಲ ನೋಡಿ. ಎಲ್ರೂ ಹಂಗೇ ಮಾಡ್ತಿರೋದು.”

ಫೋಟೋಗೆಂದು ಎತ್ತಿದ್ದ ಫೋನನ್ನು ಅವಳು ಕೆಳಗಿಳಿಸಿದಳು. ಕೆಳಗೆ ಟೈಲ್ಸ್ ಹಾಕುವವರು ಈ ಕೋಣೆಗಳು ಯಾವಾಗ ಬಿಡುವಾಗುತ್ತವೋ ಎಂದು ಬುಧವಾರದಿಂದ ಕೂತಿದ್ದರು. ಬೋರ್ಡ್ ಹಸಿರಾಗುತ್ತಿತ್ತು, ಕಟ್ಟಡ ಇದ್ದಲ್ಲೇ ಇತ್ತು. ಸುಳ್ಳು ‘ಆಗತ್ತೆ’ಯನ್ನು ಓಡಿಸಿ, ಅದರ ಜಾಗದಲ್ಲಿ ಆಗಿಹೋದದ್ದನ್ನೇ ‘ಆಗತ್ತೆ’ ಅನ್ನುವುದನ್ನು ಕಲಿಸಿದ್ದಳು. ಅದಕ್ಕೆ ಅಂಕಿಅಂಶದ ಅಲಂಕಾರ ಬೇರೆ ಮಾಡಿದ್ದಳು. ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು.

ಮನೆಗೆ ಬಂದಾಗ ಅಪ್ಪ ಕಿಟಕಿಯ ಪಕ್ಕ ಅವಳದೇ ಸೈಟಿನ ಜಾಕೆಟ್ಟಿಗೆ ಗುಂಡಿ ಹಾಕುತ್ತ ಕೂತಿದ್ದ. ಎಲ್ಲ ಕೇಳಿಸಿಕೊಂಡು ದಾರ ಕಚ್ಚಿ ಕತ್ತರಿಸಿದ.

“ನಾನು ಆಗಲ್ಲ ಅಂದ್ರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗ್ತಾನೆ ಅಂತ ಭಯ ಕಣೇ. ನಿನ್ನ ಜನಕ್ಕೆ ಆ ಕೆಂಪು ಬಿಲ್ಲೆ ಭಯ. ಈಗ ನಿನಗೂ ಭಯ ಬಂದಿದೆ. ಒಳ್ಳೇದೇ ಆಯ್ತು, ನನ್ನ ಕಷ್ಟ ಏನು ಅಂತ ಗೊತ್ತಾಯ್ತಲ್ಲ!”

“ನಗಬೇಡಪ್ಪ. ಹೇಳಿದ್ರೆ ಸೋಮವಾರಾನೇ ನನ್ನ ಆಚೆ ಹಾಕ್ತಾರೆ.”

“ಹೇಳ್ದೇ ಇದ್ರೆ ಹಿಂದಿನ ಕೋಣೆಗೆ ಹೋಗಿ ಕೂರಬೇಕಾಗತ್ತೆ. ಅಲ್ಲಿ ಸೆಕೆ ಜಾಸ್ತಿ, ನನಗೆ ಗೊತ್ತು” ಎಂದು ಜಾಕೆಟ್ ಅವಳ ಕೈಗಿತ್ತ. ಶನಿವಾರ ಕೊಡುತ್ತೇನೆಂದಿದ್ದ ಅಪ್ಪ ಈ ಸಲ ಹೇಳಿದ ದಿನಕ್ಕೇ ಮುಗಿಸಿದ್ದ ಎಂಬುದು ಅವಳಿಗೆ ಆಮೇಲೆ ಹೊಳೆಯಿತು.

ಸೋಮವಾರ ಶೆಡ್ಡಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೊರಗಿನಿಂದ ಬಂದ ಮುಖ್ಯಸ್ಥರೆಲ್ಲ ಹಸಿರು ಬೋರ್ಡ್ ನೋಡಿ ತಲೆದೂಗುತ್ತಿದ್ದರು. ಚೀಫ್ ಗಂಟಲು ಸರಿಮಾಡಿಕೊಂಡು, “ಪ್ರಬಂಧ ಈ ವಾರ ಕೈಗೆ ಬರತ್ತೆ ಅಲ್ವೇನಮ್ಮ?” ಎಂದ.

ಅವಳು ಎದ್ದು ನಿಂತಳು. 

“ಆಗಲ್ಲ ಸಾರ್.”

ಚೀಫ್ ಮುಖ ಕೆಂಪಡರಿತು. ಬಂದವರ ಮುಂದೆ ಮಾನ ಹೋಯಿತೆಂದು ಮೇಜು ಗುದ್ದಿ ಬಾಯಿ ತೆರೆದ. ಅಷ್ಟರಲ್ಲಿ ಹಿಂದಿನ ಬೆಂಚಿನಿಂದ ಈ ಸೈಟಿನ ಸೆಂಟ್ರಿಂಗ್ ಮೇಸ್ತ್ರಿ ಕೈ ಎತ್ತಿದ.

“ಸಾರ್, ಬೈಯೋ ಹಾಗಿಲ್ಲ. ಕಾರಣ ಕೇಳ್ಬೇಕು.”

ಚೀಫ್ ಒಮ್ಮೆ ಮೇಸ್ತ್ರಿಯನ್ನು, ಒಮ್ಮೆ ಅವಳನ್ನು ನೋಡಿ ಬೈಗುಳ ನುಂಗಿಕೊಂಡ. ಧೊಪ್ಪೆಂದು ಕುರ್ಚಿಯಲ್ಲಿ ಕೂತ.

“ಸರಿ. ಏನು ಕಾರಣ?”

“ಆ ಬೋರ್ಡೇ ಕಾರಣ ಸಾರ್. ಅದಕ್ಕೆ ಹೂಂ ಅಂದೋಳು ನಾನೇ, ತಪ್ಪು ನಂದು. ಬಿಲ್ಲೆ ಭಯಕ್ಕೆ ಎಲ್ರೂ ಮುಗಿದಿರೋ ಕೆಲಸಾನೇ ಚೀಟಿಲಿ ಬರೀತಿದಾರೆ. ಒಬ್ರು ಮುಗಿಸಿದ್ದು ಇನ್ನೊಬ್ರಿಗೆ ಗೊತ್ತಾಗ್ತಿಲ್ಲ. ಬೋರ್ಡ್ ತೆಗೀರಿ, ಮೊದಲಿಂದ ಶುರು ಮಾಡೋಣ.”

ಚೀಫ್ ಅವಳಿಗೆ ಉತ್ತರ ಕೊಡದೆ ಪ್ಲಂಬರ್ ಕಡೆ ತಿರುಗಿದ. “ಪೂರ್ವದ ಕೋಣೆ ಆಯ್ತಾ?”

“ಬುಧವಾರಾನೇ ಆಯ್ತು ಸಾರ್.”

“ಪಶ್ಚಿಮದ್ದು ಈ ವಾರ ಮುಗ್ಸ್ತೀಯಾ?”

ಪ್ಲಂಬರ್ ಬೋರ್ಡ್ ನೋಡಿದ, ಅವಳನ್ನು ನೋಡಿದ, ತಲೆ ಕೆರೆದುಕೊಂಡ. “ಆಗಲ್ಲ ಸಾರ್. ಅಲ್ಲಿ ಗೋಡೆ ಇನ್ನೂ ಹಸಿ ಇದೆ.”

“ಬುಧವಾರಾನೇನಯ್ಯ!” ಟೈಲ್ಸಿನ ಮುಖಂಡ ಕೂತಲ್ಲಿಂದ ಎದ್ದೇಬಿಟ್ಟ. “ಹಂಗಾದ್ರೆ ನನ್ನ ಹುಡುಗರು ಈಗಲೇ ಪೂರ್ವಕ್ಕೆ ಹತ್ತಲಿ. ಪಶ್ಚಿಮ ಒಣಗೋ ಹೊತ್ತಿಗೆ ಇದು ಮುಗಿದಿರತ್ತೆ.” ಚೀಟಿಗೂ ಕಾಯದೆ ಬಾಗಿಲಿಗೆ ಹೋಗಿ ಹೊರಗೆ ಕೂತಿದ್ದ ತನ್ನವರನ್ನು ಕೂಗಿದ.

ಚೀಫ್ ಎದ್ದು ಬೋರ್ಡಿಗೆ ಕೈ ಹಾಕಿದ. ಮೊಳೆ ಗಟ್ಟಿಯಾಗಿತ್ತು, ಜಗ್ಗಲಿಲ್ಲ. “ಯಾರಾದ್ರೂ ಸುತ್ತಿಗೆ ಕೊಡ್ರಯ್ಯ” ಎಂದು ಗದರಿ, ಅವಳ ಕಡೆ ತಿರುಗದೆಯೇ, “ಕಟ್ಟಡ ಮುಗಿಯೋವರೆಗೂ ಇರೋಕೆ ಆಗತ್ತೆ ತಾನೇ?” ಎಂದು ಕೇಳಿದ.

ಅವಳಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಆದರೂ ಬಾಯಿಗೆ ಬಂದ ಮಾತನ್ನು ಒಂದು ಕ್ಷಣ ತಡೆದು, ನಿಜಕ್ಕೂ ಆಗುತ್ತದೆಯೇ ಎಂದು ಯೋಚಿಸಿದಳು.

“ಆಗತ್ತೆ ಸಾರ್” ಎಂದಳು.