ಹೊಗೆ ಅಟ್ಟದ ಪ್ರೊಜೆಕ್ಟರ್

ಕಂಪ್ಯೂಟರ್ ಇಟ್ಟುಕೊಂಡು ಪಾಠ ಮಾಡುವುದು ಹೇಗೆಂದು ಸಾಗರದಲ್ಲಿ ನಮಗೆ ತರಬೇತಿ ಕೊಟ್ಟ ದಿನ ಕರೆಂಟು ಇರಲಿಲ್ಲ. ಮಳೆಗಾಲದಲ್ಲಿ ಕರೆಂಟು ಇಲ್ಲದ್ದಕ್ಕೆ ನಾವ್ಯಾರೂ ಬೆರಗಾಗಲಿಲ್ಲ. ಬೆರಗಾದದ್ದು ತರಬೇತಿ ನಿಲ್ಲದೆ ನಡೆದದ್ದಕ್ಕೆ. ಸಂಪನ್ಮೂಲ ವ್ಯಕ್ತಿ ಎಂಬ ಬಿರುದು ಹೊತ್ತು ಬಂದಿದ್ದ ಮಹಾನುಭಾವರು ಬರಿಗೋಡೆಗೆ ಕೈ ತೋರಿಸಿ, "ಇಲ್ಲೊಂದು ಹಕ್ಕಿ ಹಾರಿ ಬರುತ್ತೆ ಅಂದ್ಕೊಳ್ಳಿ. ಬಂತಾ? ಈಗ ಅದರ ಮೇಲೆ ಕ್ಲಿಕ್ ಮಾಡಿದ್ರೆ ಮಾತಾಡುತ್ತೆ. ಏನು ಮಾತಾಡುತ್ತೆ, ಹೇಳಿ ನೋಡೋಣ?" ಎಂದರು.

ಹಿಂದಿನ ಬೆಂಚಿನಿಂದ ತೀರ್ಥಹಳ್ಳಿ ಕಡೆಯ ಮೇಷ್ಟ್ರೊಬ್ಬರು, "ಊಟಕ್ಕೆ ಹೊತ್ತಾಯ್ತು ಅಂತಿದೆ ಸರ್" ಎಂದರು.

ನನಗೆ ಮಾತು ಕಲಿಸಿದ್ದು ಅಜ್ಜ, ಅಜ್ಜಿ, ಜಗಲಿಯ ಮೇಲೆ ಎಲೆಯಡಿಕೆ ಹಾಕುತ್ತ ಕೂತಿರುತ್ತಿದ್ದ ಹಿರಿಯರು. ಅಜ್ಜಿ ಕತೆ ಹೇಳಲು ಕೂತರೆ ಇಲ್ಲದ ಹುಲಿ ಬಂದು ನಮ್ಮ ನಡುವೆ ಬಾಲ ಮಡಚಿ ಕೂರುತ್ತಿತ್ತು. ಅದರ ಬಿಸಿಯುಸಿರು ನಮ್ಮ ಕುತ್ತಿಗೆಗೆ ತಾಗುತ್ತಿತ್ತು. ಈ ಮನುಷ್ಯ ಒಂದು ಗುಬ್ಬಚ್ಚಿಯನ್ನಾದರೂ ಹಾರಿಸಬಾರದಿತ್ತೇ? ಮಧ್ಯಾಹ್ನದವರೆಗೆ ಕ್ಲಿಕ್ ಮಾಡಿದರು, ಒಂದು ಗರಿಯೂ ಬೀಳಲಿಲ್ಲ. ಅಂದಿನಿಂದ ನಾನು ಅವರನ್ನು ಮನಸ್ಸಿನಲ್ಲೇ ಹಕ್ಕಿ ಸಾಹೇಬರು ಎಂದು ಕರೆಯುತ್ತ ಬಂದೆ.

ಸಂಜೆ ಎಲ್ಲರಿಗೂ ಒಂದೊಂದು ಪೆನ್‌ಡ್ರೈವ್ ಕೊಟ್ಟರು, ಮದುವೆ ಮನೆಯಲ್ಲಿ ತೆಂಗಿನಕಾಯಿ ಕೊಟ್ಟಂತೆ. ಅದಕ್ಕೆ ಅವರು ಇಟ್ಟ ಹೆಸರು ಕಿಟ್. "ಇನ್ನು ಮೇಲೆ ಮಕ್ಕಳಿಗೆ ಏನು ಬೇಕೋ ಎಲ್ಲಾ ಇದರಲ್ಲಿದೆ. ನೀವು ಬಾಯಿ ಬಿಡೋದೇ ಬೇಡ" ಎಂದರು ಸಾಹೇಬರು. ಇಷ್ಟು ವರ್ಷ ಬಾಯಿ ಬಿಟ್ಟೇ ಹೊಟ್ಟೆ ಹೊರೆದುಕೊಂಡ ನನಗೆ ಅದನ್ನು ಆಶೀರ್ವಾದವೆಂದು ತಿಳಿಯಬೇಕೋ ಶಾಪವೆಂದೋ ಗೊತ್ತಾಗಲಿಲ್ಲ.

ನಮ್ಮ ಶಾಲೆ ಇರುವುದು ರಿಪ್ಪನ್‌ಪೇಟೆಯಿಂದ ಒಳಗೆ, ಒಂದು ದಿಬ್ಬದ ನೆತ್ತಿಯ ಮೇಲೆ. ಲ್ಯಾಪ್‌ಟಾಪಿಗೆ ಕಿಟ್ ಸಿಕ್ಕಿಸಿ ಮಳೆಯ ಪಾಠ ಹಾಕಿದೆ. ಹಳದಿ ರೇನ್‌ಕೋಟು ತೊಟ್ಟ ಒಂದು ಗೊಂಬೆ ಹುಡುಗ ಬಂದ. ಕೆನ್ನೆ ಟೊಮೆಟೊ ಹಣ್ಣಿನ ಹಾಗಿತ್ತು. "ವಾವ್! ಮಳೆ ಬಂತು! ಮಳೆ ಎಂದರೇನು ಗೊತ್ತಾ ಗೆಳೆಯರೇ?" ಎಂದು ಕೇಳಿದ. ಆಕಾಶದಿಂದ ನೀಲಿ ಹನಿಗಳು ಒಂದರ ಹಿಂದೊಂದು ಶಿಸ್ತಾಗಿ, ಪ್ರಾರ್ಥನೆಗೆ ಸಾಲು ನಿಂತ ಮಕ್ಕಳಂತೆ ಬಿದ್ದವು. ನನ್ನ ತರಗತಿಯವರು ಬೆಳಿಗ್ಗೆ ಗದ್ದೆಯ ಅಂಚಿನ ಮೇಲೆ ಜಾರಿ, ಮೊಣಕಾಲವರೆಗೆ ಕೆಸರಾಗಿ, ಬ್ಯಾಗಿಗೆ ಪ್ಲಾಸ್ಟಿಕ್ ಸುತ್ತಿಕೊಂಡು ಬಂದವರು. ಮುಂದೆ ಕೂತ ಹುಡುಗಿ ಕನಿಕರದಿಂದ ಕೇಳಿದಳು: "ಪಾಪ, ಅವ್ನ ಊರಲ್ಲಿ ಇಷ್ಟೇನಾ ಸರ್ ಬರೋದು?"

ಆಗುಂಬೆಯ ಕೆಳಗೆ ಮಾವನ ಮನೆಯಿದ್ದ ಇನ್ನೊಬ್ಬ ಎದ್ದು, "ಇದೆಂತ ಮಳೆ ಸರ್. ನಮ್ಮಜ್ಜ ತುಳಸಿಗೆ ಇದಕ್ಕಿಂತ ಜಾಸ್ತಿ ನೀರು ಹಾಕ್ತಾರೆ" ಎಂದ.

ಆ ಕಿಟ್ ತಯಾರಿಸಿದವರ ತಲೆಯ ಮೇಲೆ ಒಂದು ಹನಿಯೂ ಬಿದ್ದಿರಲಾರದು. ಹತ್ತು ಊರಿನ ಮೇಷ್ಟ್ರುಗಳನ್ನು ಕೂರಿಸಿ, ನಿಮ್ಮ ಮಕ್ಕಳಿಗೆ ಎಂತ ಗೊತ್ತು, ಎಂತ ಗೊತ್ತಿಲ್ಲ ಎಂದು ಕೇಳಿದ್ದರೆ ಅವರ ಗಂಟೇನು ಹೋಗುತ್ತಿತ್ತು? ಕೇಳುವುದಿಲ್ಲ. ಕೇಳಿದರೆ ಗೊಂಬೆಯ ಕೆನ್ನೆಗೆ ಬಣ್ಣ ಬಳಿಯಲು ಪುರುಸೊತ್ತು ಸಿಗಬೇಕಲ್ಲ.

ನಮ್ಮಲ್ಲಿ ಸಮಾಜ ವಿಜ್ಞಾನಕ್ಕೆ ಒಬ್ಬ ಅತಿಥಿ ಶಿಕ್ಷಕಿ ಇದ್ದಳು. ಹುಟ್ಟಿದ್ದು ತೀರ್ಥಹಳ್ಳಿ ಕಡೆ, ಮದುವೆಯಾಗಿ ಸೇರಿದ್ದು ಹೊಸನಗರ ಪೇಟೆ. ಅತಿಥಿ ಎಂಬ ಹೆಸರು ಯಾರಿಟ್ಟರೋ, ಅತಿಥಿಗಾದರೆ ಬಂದ ಕೂಡಲೇ ಬೆಲ್ಲ ನೀರು ಕೊಡುತ್ತಾರೆ. ಇವಳಿಗೆ ಪ್ರತಿ ಜೂನಿನಲ್ಲೂ ಈ ವರ್ಷ ಕರೆಯುತ್ತಾರೋ ಇಲ್ಲವೋ ಎಂಬ ಕಾಯುವಿಕೆ. ಆ ವರ್ಷ ಸಾಗರದ ಒಂದು ಅನುದಾನಿತ ಶಾಲೆಯಲ್ಲಿ ಕಾಯಂ ಜಾಗ ಖಾಲಿಯಾಗಿತ್ತು. ಆಡಳಿತ ಮಂಡಳಿಯ ಯಜಮಾನರು ಅಡಿಕೆ ವ್ಯಾಪಾರದವರು, ಮಾತು ಕಮ್ಮಿ. ಇವಳ ಅರ್ಜಿ ನೋಡಿ, "ನಿಮ್ಮ ಶಾಲೇಲಿ ಡೆಮೊ ಇದ್ಯಂತಲ್ಲ, ನಾನೇ ಬಂದು ಪಾಠ ನೋಡ್ತೀನಿ" ಎಂದಿದ್ದರು. ಡೆಮೊ ಎಂದರೆ, ಕಿಟ್ ಬಳಸಿ ಹೇಗೆ ಪಾಠ ಮಾಡುತ್ತೀರಿ ಎಂದು ಹಕ್ಕಿ ಸಾಹೇಬರು ಶಾಲೆ ಶಾಲೆಗೆ ಬಂದು ನೋಡುವ ಮೆರವಣಿಗೆ. ಅವಳ ಪಾಲಿಗೆ ಮಾತ್ರ ಆ ಒಂದು ಪಿರಿಯಡ್ ಮೇಲೆ ಮುಂದಿನ ಬದುಕು ನಿಂತಿತ್ತು.

ಅವಳು ಕಿಟ್ ಮುಟ್ಟಲಿಲ್ಲ. ತನ್ನ ಫೋನಿನಲ್ಲೇ ಒಂದು ಪಾಠ ಮಾಡಿದಳು. ನಮ್ಮ ದಿಬ್ಬದ ಒಂದು ವಿಶೇಷವೆಂದರೆ, ಶಾಲೆಯ ಮುಂದಿನ ಸೂರಿನಿಂದ ಬಿದ್ದ ನೀರು ಇಳಿದಿಳಿದು ಶರಾವತಿ ಸೇರಿ ಪಡುವಣ ಕಡಲಿಗೆ ಹೋಗುತ್ತದೆ. ಹಿಂದಿನ ಸೂರಿನ ನೀರು ಕುಮುದ್ವತಿ ಹಿಡಿದು, ತುಂಗಭದ್ರೆ, ಕೃಷ್ಣೆ ಎಂದು ದಾರಿ ಕೇಳಿಕೊಂಡು ಮೂಡಣ ಕಡಲಿಗೆ ಹೋಗುತ್ತದೆ. ಒಂದೇ ಮಾಡಿನ ನೀರು! ನಾನು ಅಷ್ಟು ವರ್ಷ ಆ ಸೂರಿನಡಿ ಕೊಡೆ ಮಡಚಿದ್ದೇನೆ, ಮಕ್ಕಳಿಗೆ ಹೀಗೆ ಹೇಳಬಹುದೆಂದು ಹೊಳೆದಿರಲಿಲ್ಲ. ಅವಳು ರಜೆ ಸಿಕ್ಕಾಗಲೆಲ್ಲ ಅತ್ತೆಯನ್ನು ಜೊತೆಗಿಟ್ಟುಕೊಂಡು ಎರಡೂ ನೀರಿನ ಬೆನ್ನು ಹತ್ತಿ ಬಸ್ಸು ಹತ್ತಿದಳು. ಹಳ್ಳ, ಹಳ್ಳ ದಾಟುವ ಸಂಕ, ಗದ್ದೆಯ ಕಟ್ಟು, ಸಾಗರದ ಕಡೆಯ ಹಿನ್ನೀರು ದಾಟಿಸುವ ಲಾಂಚು, ಎಲ್ಲ ತೆಗೆದಳು. ವಿವರಣೆಯ ಮಾತಿಲ್ಲ, ಆಯಾ ಜಾಗದ ಸದ್ದೇ. ಸ್ಟಾಫ್ ರೂಮಿನಲ್ಲಿ ನನಗೆ ತೋರಿಸಿದಾಗ ಚಹಾ ಆರಿಹೋಗಿದ್ದು ತಿಳಿಯಲಿಲ್ಲ.

"ದೊಡ್ಡದಾಗಿ ಗೋಡೆ ಮೇಲೆ ಬಂದ್ರೆ ಹೆಂಗಿರ್‍ಬಹುದು ಸರ್? ಒಂದ್ಸಲ ಪ್ರೊಜೆಕ್ಟರ್ ಹಾಕಿ ನೋಡ್ಲಾ?" ಎಂದಳು.

ಹೆಡ್‌ಮೇಷ್ಟ್ರು ಬಿಡಬೇಕಲ್ಲ. "ಅವತ್ತೇ ತೆಗೆಯೋಣ ಕಣಮ್ಮ. ಜೋಪಾನ ಇಟ್ಟಿದ್ದೀನಿ. ಸುಮ್ನೆ ಹೊರಗೆ ತೆಗೆದ್ರೆ ಥಂಡಿ ಹೊಡೀತದೆ."

ಥಂಡಿ ಅವರ ಕಟ್ಟಾ ವೈರಿ. ಹಿಂದೆ ಬಂದಿದ್ದ ಕಂಪ್ಯೂಟರಿನ ಕೀಬೋರ್ಡಿನಲ್ಲಿ ಇರುವೆ ಮೊಟ್ಟೆಯಿಟ್ಟಿತ್ತು. ಪರದೆಗೆ ಬೂಷ್ಟು ಹಿಡಿದು, ವಿಚಾರಣೆಗೆ ಬಂದವರು ಇವರ ಬೆವರಿಳಿಸಿದ್ದರು. ಹಾಗಾಗಿ ಪ್ರೊಜೆಕ್ಟರ್ ಬಂದ ದಿನವೇ ಇವರು ನಿಶ್ಚಯಿಸಿಬಿಟ್ಟಿದ್ದರು. ನಮ್ಮ ಕಡೆ ಥಂಡಿ ತಾಗಬಾರದ ಸಾಮಾನನ್ನು ಎಲ್ಲಿಡುತ್ತೇವೆ? ಒಲೆಯ ಮೇಲಿನ ಅಟ್ಟದಲ್ಲಿ. ಬಿತ್ತನೆ ಬೀಜ, ಹುಣಸೆಹಣ್ಣು, ಒಣಮೆಣಸು ಎಲ್ಲ ಅಲ್ಲೇ ಮಳೆಗಾಲ ಕಳೆಯುವಾಗ ಇದ್ಯಾವ ಹೆಚ್ಚಿನ ದೊರೆ? ಬಿಸಿಯೂಟದ ಕೋಣೆಯಲ್ಲಿ ಗ್ಯಾಸ್ ಇದ್ದರೂ ಅನ್ನ ಬೇಯುವುದು ಸೌದೆ ಒಲೆಯ ಮೇಲೆ. ಆ ಒಲೆಯ ನೇರಕ್ಕೆ ಅಟ್ಟ. ಅಟ್ಟದ ಮೇಲೆ, ಹಳೆ ಪಂಚೆ ಸುತ್ತಿಸಿಕೊಂಡು, ಸರ್ಕಾರದ ಪ್ರೊಜೆಕ್ಟರ್. ನಾವೆಲ್ಲ ಅದನ್ನು ನೋಡಿದ್ದೆವು. ಒಬ್ಬರೂ ತುಟಿ ಎರಡು ಮಾಡಲಿಲ್ಲ. ಅದು ಜಾಣತನವೆಂದೇ ನಮ್ಮೆಲ್ಲರ ಎಣಿಕೆ.

ಡೆಮೊ ದಿನ ಕರೆಂಟು ಇತ್ತು. ತಮಾಷೆ ನೋಡಲು ಅದೂ ಬಂದಿರಬೇಕು. ಮುಂದಿನ ಕುರ್ಚಿಯಲ್ಲಿ ಹಕ್ಕಿ ಸಾಹೇಬರು, ಪಕ್ಕದಲ್ಲಿ ಸಾಗರದ ಯಜಮಾನರು ಬಾಯಲ್ಲಿ ಎಲೆಯಡಿಕೆ ಇಟ್ಟುಕೊಂಡು ಕೂತಿದ್ದರು. ಹೆಡ್‌ಮೇಷ್ಟ್ರು ಕೂಸನ್ನು ತೊಟ್ಟಿಲಿಂದ ಎತ್ತುವವರಂತೆ ಪಂಚೆ ಬಿಚ್ಚಿದರು. ಬೆಳ್ಳಗೆ ಬಂದಿದ್ದ ಪೆಟ್ಟಿಗೆ ಹಲಸಿನ ಹಪ್ಪಳದ ಬಣ್ಣಕ್ಕೆ ತಿರುಗಿತ್ತು. ಸ್ವಿಚ್ ಹಾಕಿದರು. ಅದು ಬಿಸಿಯಾದಂತೆ ಕೋಣೆಯ ತುಂಬ ಒಗ್ಗರಣೆಯ ಘಮ ಹಬ್ಬಿತು.

"ಇವತ್ತು ಬೇಗ ಊಟನಾ ಸರ್?" ಎಂದಿತು ಹಿಂದಿನ ಸಾಲು.

ಗೋಡೆಯ ಮೇಲೆ ಚಿತ್ರ ಬಂತು ಎನ್ನಬೇಕು, ಅಷ್ಟೇ. ಮಸಿ, ಎಣ್ಣೆಜಿಡ್ಡು ಕೂತ ಗಾಜಿನಿಂದ ಎಂತ ಬಂದೀತು? ಕಷಾಯದಲ್ಲಿ ಅದ್ದಿದಂತೆ ಒಂದು ಕಂದು ಕಲೆ. ಅದರೊಳಗೆ ಏನೋ ಮಿಸುಕುತ್ತಿತ್ತು. ಟೀಚರ್ ತನ್ನ ಸೆರಗಿನಿಂದ ಗಾಜು ಒರೆಸಿದಳು. ಕಲೆ ಇನ್ನಷ್ಟು ಹರಡಿತು. ಅವಳ ಮುಖ ನೋಡಲು ನನ್ನಿಂದಾಗಲಿಲ್ಲ.

ಸಾಹೇಬರು ಗಂಟಲು ಸರಿಮಾಡಿಕೊಂಡರು. "ನೋಡಿ, ಫೋನಲ್ಲಿ ಮಾಡಿದ್ರೆ ಹೀಗೇ ಆಗೋದು. ಕ್ವಾಲಿಟಿ ಇರೋದಿಲ್ಲ. ಅದಕ್ಕೇ ನಾವು ಕಿಟ್ ಕೊಟ್ಟಿರೋದು. ತೆಗೀರಿ ಅದನ್ನ. ಕಿಟ್ ಹಾಕಿ, ಎಷ್ಟು ಕ್ಲಿಯರ್ ಬರುತ್ತೆ ನೋಡಿ."

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಈ ಪುಣ್ಯಾತ್ಮರು ಪಕ್ಕದವಳ ನೆಲವನ್ನೂ ಡೊಂಕು ಮಾಡಲು ಹೊರಟವರು. ಗಾಜಿಗೆ ಮಸಿ ಹಿಡಿದರೆ ಚಿತ್ರ ಯಾರದಾದರೂ ಮಸುಕೇ ಎಂಬುದು, ಇಡೀ ಮೂರು ತಾಲ್ಲೂಕಿಗೆ ಪ್ರೊಜೆಕ್ಟರ್ ಪಾಠ ಹೇಳುವವರಿಗೆ ಗೊತ್ತಿರಲಿಲ್ಲ! ಕಿಟ್ ಹಾಕಿದರು. ರೇನ್‌ಕೋಟಿನ ಹುಡುಗ ಬಂದ, ಕೆಂಡದಲ್ಲಿ ಸುಟ್ಟ ಗೆಣಸಿನಂತೆ. "ವಾವ್! ಮಳೆ ಬಂತು!" ಎಂದ. ಹೊಗೆಯೊಳಗಿಂದ ಬಂದ ಆ ದನಿಗೆ ಇಡೀ ತರಗತಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಸಾಹೇಬರು ಪ್ಲಗ್ ಅಲ್ಲಾಡಿಸಿದರು. ಪ್ರೊಜೆಕ್ಟರಿನ ತಲೆಗೊಂದು ಪೆಟ್ಟು ಕೊಟ್ಟರು. ಕೊನೆಗೆ, "ವೋಲ್ಟೇಜ್ ಪ್ರಾಬ್ಲಮ್ಮು" ಎಂದು ತೀರ್ಪು ಕೊಟ್ಟು ಕೂತರು.

ಯಜಮಾನರು ಗಡಿಯಾರ ನೋಡಿಕೊಂಡು ಎದ್ದು ನಿಂತರು. "ಹೋಗ್ಲಿ ಬಿಡಿ, ಇನ್ನೊಂದಿನ ನೋಡೋಣ" ಎಂದರು. ನಮ್ಮ ಕಡೆ ಇನ್ನೊಂದು ದಿನ ಎಂದರೆ ಇಲ್ಲ ಎಂದು ಅರ್ಥ.

"ಒಂದ್ನಿಮಿಷ ಕೂತ್ಕಳಿ ಸರ್" ಎಂದಳು ಟೀಚರ್. ಯಜಮಾನರು ಕುರ್ಚಿಯ ಅಂಚಿಗೆ ಕೂತರು. ಪ್ರೊಜೆಕ್ಟರ್ ಆರಿಸಿ, ಊರಿನ ಗಣಪತಿ ಪೆಂಡಾಲಿನಿಂದ ತಂದಿದ್ದ ಸ್ಪೀಕರಿಗೆ ಲ್ಯಾಪ್‌ಟಾಪ್ ಸಿಕ್ಕಿಸಿದಳು. "ಮಕ್ಕಳೇ, ಚಿತ್ರ ಬರಲ್ಲ. ಸದ್ದು ಬರುತ್ತೆ. ಯಾವ ಜಾಗ ಅಂತ ಗೊತ್ತಾದವ್ರು ಬಂದು ಬೋರ್ಡ್ ಮೇಲೆ ಬರೀರಿ. ಮುಂದಿನ ಸೂರಿನ ನೀರಿಂದ ಶುರು."

ಟಪ ಟಪ ಎಂದು ತಗಡಿನ ಮೇಲೆ ಬೀಳುವ ನೀರು. "ಬಿಸಿಯೂಟದ ಮಾಡು!" ಒಬ್ಬಳು ಓಡಿಬಂದು ಸೀಮೆಸುಣ್ಣ ಹಿಡಿದಳು. ಆಮೇಲೆ ನೀರು ಟೊಳ್ಳಿನಲ್ಲಿ ಗುಳುಗುಳು ಅಂದಿತು. "ಮೋರಿ! ರಸ್ತೆ ಮೋರಿ!" ಆಮೇಲೆ ಅಡಿಕೆ ಮರದ ಸಂಕದ ಮೇಲೆ ಹೆಜ್ಜೆಯ ಕಿರಕಿರ, ಅದರ ಹಿಂದೆಯೇ ಒಂದು ಹಿರಿಯ ಹೆಂಗಸಿನ ದನಿ: "ಎಂತ ಮಾರಾಯ್ತಿ, ಹಳ್ಳಕ್ಕೂ ಫೋಟೋ ತೆಗೀತಾರಾ? ಬಿದ್ದೀಯೆ, ಮಗಳೆ, ನಿನ್ ಗಂಡಂಗೆ ನಾನೇನು ಹೇಳ್ಲಿ?"

"ಅದು ನಮ್ಮತ್ತೆ. ಅವರನ್ನ ಬೋರ್ಡ್ ಮೇಲೆ ಬರೀಬೇಡಿ" ಎಂದಳು ಟೀಚರ್. ಯಜಮಾನರ ಮೀಸೆಯೂ ಒಂದಿಷ್ಟು ಅಲ್ಲಾಡಿತು.

ಒಂದೊಂದು ಸದ್ದಿಗೆ ಒಂದೊಂದು ಗೆರೆ ಮುಂದೆ ಹೋಯಿತು. ಗದ್ದೆಯ ಕಟ್ಟು ಒಡೆದ ನೀರಿನ ಭೋರು, ಹೊಸನಗರದ ಸೇತುವೆಯ ಮೇಲೆ ಬಸ್ಸಿನ ಹಾರ್ನು. ಮಕ್ಕಳು ಒಬ್ಬರನ್ನೊಬ್ಬರು ದಬ್ಬುತ್ತ, "ಹಂಗಲ್ಲ ಕಣೋ, ಹೊಳೆ ಆಚೆ ತಿರುಗ್ತದೆ" ಎಂದು ಜಗಳವಾಡುತ್ತ ಬರೆದರು. ಆಮೇಲೊಂದು ಗುಡುಗುಡು ಇಂಜಿನ್ನು, ನೀರಿನ ಮೇಲೆ ದೂರಕ್ಕೆ ಹೋಗುವ ಕೂಗು: "ಬೈಕಿನವ್ರು ಮುಂದೆ ಬನ್ನಿ, ಮುಂದೆ!" ಮಕ್ಕಳು ಮುಖ ಮುಖ ನೋಡಿಕೊಂಡರು. ಅಷ್ಟು ದೂರ ಯಾರೂ ಹೋದವರಲ್ಲ.

"ಲಾಂಚು!" ಎಂದು ಕೂಗಿದ್ದು ಯಜಮಾನರು. ಎದ್ದೇ ನಿಂತಿದ್ದರು. "ನಮ್ಮ ಲಾಂಚು ಕಣ್ರೀ ಅದು! ಆ ದಡದಲ್ಲೇ ನಮ್ಮನೆ!" ಮಕ್ಕಳು ಸೀಮೆಸುಣ್ಣ ಅವರ ಕೈಗೇ ಕೊಟ್ಟುಬಿಟ್ಟರು. ಅಡಿಕೆ ಮಂಡಿಯ ಮನುಷ್ಯ ಬಿಳಿ ಪಂಚೆಗೆ ಧೂಳು ಮೆತ್ತಿಸಿಕೊಂಡು ಹಿನ್ನೀರು ಬರೆದರು. ಆಮೇಲೆ ಹಿಂದಿನ ಸೂರಿನ ಸರದಿ. ಗಂಟೆ ಹೊಡೆಯುವಷ್ಟರಲ್ಲಿ ಎರಡು ಸೂರಿನ ನೀರು ಎರಡು ಕಡಲು ಮುಟ್ಟಿತ್ತು.

ಹಕ್ಕಿ ಸಾಹೇಬರು ಮಾತ್ರ ಹೊರಡುವಾಗ ಹೆಡ್‌ಮೇಷ್ಟ್ರ ಕಿವಿಯಲ್ಲಿ, "ಎಲ್ಲಾ ಸರಿ, ಆದ್ರೆ ಇದ್ರಲ್ಲಿ ಮಲ್ಟಿಮೀಡಿಯಾ ಎಲ್ಲಿ ಬಂತು?" ಎಂದರು. ಕೋಣನ ಮುಂದೆ ಕಿನ್ನರಿ ಬಾರಿಸಿದರೆ ಕೋಣ ಕನಿಷ್ಠ ಕಿವಿಯನ್ನಾದರೂ ಆಡಿಸುತ್ತದೆ. ಮುಂದಿನ ವರ್ಷದ ಕಿಟ್‌ನಲ್ಲಿ "ಸ್ಥಳೀಯ ಮಳೆ" ಎಂಬ ಹೊಸ ಪಾಠ ಬಂತು. ಹಾಕಿ ನೋಡಿದೆ. ಅದೇ ಗೊಂಬೆ ಹುಡುಗ, ಅದೇ ಟೊಮೆಟೊ ಕೆನ್ನೆ. ರೇನ್‌ಕೋಟು ತೆಗೆದು ಕಂಬಳಿ ಹೊದಿಸಿದ್ದರು. ಬಿಸಿಲಲ್ಲಿ.

ಟೀಚರಿಗೆ ಸಾಗರದ ಕೆಲಸ ಸಿಕ್ಕಿತು. ನಾನು ಆ ಯಜಮಾನರ ಬಗ್ಗೆ ಎರಡು ಒಳ್ಳೆಯ ಮಾತು ಬರೆದು ಮುಗಿಸುತ್ತಿದ್ದೆ, ಅವರು ಬಿಡಲಿಲ್ಲ. ನೇಮಕವಾದ ಮೇಲೆ ಸಾಗರದ ಪೇಟೆಯಲ್ಲಿ ಸಿಕ್ಕಿ ಅವರೇ ನನಗೆ ಹೇಳಿದರು: "ನಮ್ಮಲ್ಲೊಂದು ದೊಡ್ಡ ಸ್ಮಾರ್ಟ್ ಬೋರ್ಡ್ ಇದೆ ಮೇಷ್ಟ್ರೆ. ದಾನಿಗಳು ಕೊಟ್ಟಿದ್ದು. ಬಂದವ್ರೆಲ್ಲ ಅದನ್ನ ಕೊಡಿ, ಕೊಡಿ ಅಂತ ಜೀವ ತಿಂತಾರೆ. ಹಾಳಾದ್ರೆ? ಬೀಗ ಹಾಕಿ ಇಟ್ಟಿದ್ದೀನಿ. ಈ ಹೆಣ್ಮಗಳಿಗೆ ಅಂಥದ್ದೇನೂ ಬೇಡ ನೋಡಿ, ಸದ್ದಲ್ಲೇ ಸುಧಾರಿಸ್ತಾಳೆ. ಅದಕ್ಕೇ ತಗೊಂಡೆ."

ನನಗೆ ನಗಬೇಕೋ ಹಣೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ಲಾಂಚಿನ ಸದ್ದಿಗೆ ಎದ್ದು ನಿಂತು ಕೂಗಿದ ಮನುಷ್ಯನೇ ಇವನು!

ಮಳೆಗಾಲ ನಡುವಿಗೆ ಬಂದಾಗ ಟೀಚರ್ ಸಾಗರದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಳು. ನಾನು ಹೆದರುತ್ತಲೇ ಬೋರ್ಡಿನ ವಿಷಯ ಎತ್ತಿದೆ.

"ದಿನಾ ಹಾಕ್ತಿದ್ದೀನಿ ಸರ್" ಎಂದಳು.

"ಬೀಗ?"

"ಯಜಮಾನ್ರ ಹತ್ರ ಹೋಗಿ, ಬೋರ್ಡಿಗೆ ಥಂಡಿ ಹೊಡೀತಿದೆ ಸರ್, ಬೂಷ್ಟು ಬರೋ ಹಂಗಿದೆ ಅಂದೆ. ಎದೆ ಹಿಡ್ಕಂಡ್ರು. ಏನ್ಮಾಡದು ಅಂದ್ರು. ದಿನಾ ಒಂದೆರಡು ಪಿರಿಯಡ್ ಹಚ್ಚಿಟ್ರೆ ಬಿಸಿ ಆಗಿ ಒಣಗಿರುತ್ತೆ ಅಂದೆ." ಕೊಡೆ ಬಿಡಿಸುತ್ತ ನಕ್ಕಳು. "ಈಗ ನಾನು ರಜೆ ಹಾಕಿದ್ರೆ ಅವರೇ ಫೋನ್ ಮಾಡ್ತಾರೆ ಸರ್, ಬೋರ್ಡ್ ಹಚ್ಚೋರು ಯಾರು ಅಂತ."